‘ಕೆಲಸದವಳು’ ಅನ್ನೋ ಒಂದೇ ಒಂದು ಮಾತು

ನಿನ್ನೆಯಿಂದ ತಲೆ ಕೆಟ್ಟಿದೆ. ಬರೆದು ಇಳಿಸದಿದ್ದರೆ ಮನೆಯವರ ಮೇಲೆ ಹರಿಹಾಯುತ್ತೇನೆ. ಅವರು ಬಚಾವಾಗಲಿ, ನೀವೇ ಓದಿ.

ಜುಲೈ 24 ನಮ್ಮ ಯೂಟಾದಲ್ಲಿ ದೊಡ್ಡ ಹಬ್ಬ ಅಂತ ನಿಮಗೆ ಗೊತ್ತೇ ಇದೆ. ಪ್ರತಿ ವರ್ಷ ಮೆರವಣಿಗೆ ಫೋಟೋ ಹಾಕಿ ನಿಮ್ಮ ತಲೆ ತಿನ್ನುತ್ತೇನಲ್ಲ. 1847ರಲ್ಲಿ ಮಾರ್ಮನ್ ಅನ್ನೋ ಕ್ರೈಸ್ತ ಪಂಗಡದ ಮುಖಂಡ ಬ್ರಿಗಮ್ ಯಂಗ್ ತಮ್ಮ ಜನರೊಂದಿಗೆ ಈ ಸಾಲ್ಟ್ ಲೇಕ್ ಕಣಿವೆಗೆ ಬಂದ ದಿನ ಅದು. ಈ ಸಲ ಮೆರವಣಿಗೆ ಗಲಾಟೆ ಬೇಡ ಅಂತ ಬೆಟ್ಟದ ಬುಡದಲ್ಲಿರುವ ಹೆರಿಟೇಜ್ ಪಾರ್ಕಿಗೆ ಹೋದೆವು. ಅಲ್ಲಿ ನಾಲ್ಕು ಕಂಚಿನ ಪ್ರತಿಮೆಗಳಿವೆ, 2022ರಲ್ಲಿ ನಿಲ್ಲಿಸಿದ್ದು. ನಾಲ್ಕೂ ಆ ಕಾಲದಲ್ಲಿ ಇಲ್ಲಿಗೆ ಬಂದ ಕಪ್ಪು ಜನರದ್ದು. ಗ್ರೀನ್ ಫ್ಲೇಕ್, ಹಾರ್ಕ್ ವೇಲ್ಸ್, ಆಸ್ಕರ್ ಸ್ಮಿತ್, ಜೇನ್ ಮ್ಯಾನಿಂಗ್ ಜೇಮ್ಸ್.

ಒಬ್ಬ ಅಜ್ಜ ಮೂರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದರು. ಪಾಪ, ಒಳ್ಳೆಯ ಅಜ್ಜನೇ. ಪುಟ್ಟ ಹುಡುಗಿ ಜೇನ್ ಪ್ರತಿಮೆ ತೋರಿಸಿ ‘ಇವರು ಯಾರು?’ ಅಂದಳು. ಅಜ್ಜ ಹೇಳಿದರು: ‘ನಮ್ಮ ಪ್ರವಾದಿ ಜೋಸೆಫ್ ಸ್ಮಿತ್ ಮನೆ ಕೆಲಸದವಳು.’ ಆಮೇಲೆ ಎಲ್ಲರೂ ಐಸ್‌ಕ್ರೀಮ್ ಕಡೆ ಹೊರಟರು.

ಅಷ್ಟೇ. ಐದು ಸೆಕೆಂಡಿನ ಮಾತು. ಇಂಗ್ಲಿಷಿನಲ್ಲಿ ಅವಳು, ಅವರು ಅನ್ನೋ ವ್ಯತ್ಯಾಸ ಇಲ್ಲ, ಗೊತ್ತು. ಆದರೂ ನನ್ನ ಕಿವಿಗೆ ಏಕವಚನವೇ ಬಿತ್ತು. ಅದಕ್ಕೇ ಇಲ್ಲಿ ಬೇಕಂತಲೇ ‘ಅವರು’ ಅಂತ ಬರೆಯುತ್ತೇನೆ. ಉದ್ದಕ್ಕೂ.

ನಾನು ಜೋಸೆಫ್ ಸ್ಮಿತ್ ಕಟ್ಟಿದ ಆ ಮಾರ್ಮನ್ ಚರ್ಚಿನವಳಲ್ಲ. ಮನೆಯಲ್ಲಿ ಗಣಪತಿ ಕೂರಿಸುವವಳು. ಆದರೆ ಒಂಬತ್ತು ವರ್ಷದಿಂದ ಅಕ್ಕಪಕ್ಕ ಎಲ್ಲ ಅವರೇ. ಹೆರಿಗೆ ಆದಾಗ ವಾರಗಟ್ಟಲೆ ಊಟ ತಂದುಕೊಟ್ಟವರು. ನಾನು ಮಾಂಸ ತಿನ್ನಲ್ಲ ಅಂತ ಪಾಪ ದಿನಾ ಚೀಸ್ ಆಲೂಗಡ್ಡೆ. ಅವರ ಮೇಲೆ ನನಗೆ ಪ್ರೀತಿ ಇದೆ. ಪ್ರೀತಿ ಇರೋದಕ್ಕೇ ಸಿಟ್ಟು ಜಾಸ್ತಿ.

ಜೇನ್ ಯಾರು ಅಂತ ಕೇಳಿ. ಕನೆಕ್ಟಿಕಟ್‌ನಲ್ಲಿ ಸ್ವತಂತ್ರರಾಗಿಯೇ ಹುಟ್ಟಿದವರು. ಗುಲಾಮರಲ್ಲ. ಈ ಚರ್ಚ್ ಸೇರಿದ ಮೇಲೆ 1843ರಲ್ಲಿ ತಾಯಿ, ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಇಲಿನಾಯ್‌ನ ನಾವೂ (Nauvoo) ಅನ್ನೋ ಊರಿಗೆ ಹೊರಟರು. ಚರ್ಚಿನ ಕೇಂದ್ರ ಆಗ ಅಲ್ಲಿತ್ತು. ಬಫಲೋ ತನಕ ದೋಣಿ. ಅಲ್ಲಿಂದ ಮುಂದಕ್ಕೆ ದೋಣಿಯವರು ಹತ್ತಿಸಿಕೊಳ್ಳಲಿಲ್ಲ. ನಡೆದರು. ಸುಮಾರು 800 ಮೈಲಿ. ಚಪ್ಪಲಿ ಸವೆದು, ಕಾಲು ಒಡೆದು, ಹೆಜ್ಜೆ ಇಟ್ಟಲ್ಲೆಲ್ಲ ನೆಲದಲ್ಲಿ ರಕ್ತದ ಗುರುತು ಕಾಣುತ್ತಿತ್ತು ಅಂತ ಮುಪ್ಪಿನಲ್ಲಿ ತಾವೇ ಹೇಳಿ ಬರೆಸಿದ್ದಾರೆ. ದಾರಿಯಲ್ಲಿ ‘ನೀವು ಸ್ವತಂತ್ರರು ಅನ್ನೋದಕ್ಕೆ ಕಾಗದ ಎಲ್ಲಿ?’ ಅಂತ ಜೈಲಿಗೆ ಹಾಕುವ ಬೆದರಿಕೆ ಬೇರೆ. ಹುಟ್ಟಾ ಸ್ವತಂತ್ರರಾದವರ ಹತ್ತಿರ ಬಿಡುಗಡೆಯ ಕಾಗದ ಎಲ್ಲಿಂದ ಬರಬೇಕು ಸ್ವಾಮಿ?

ನಾವೂನಲ್ಲಿ ಜೋಸೆಫ್ ಸ್ಮಿತ್ ಮನೆಯಲ್ಲಿ ಉಳಿದರು, ಬಟ್ಟೆ ಒಗೆದರು, ಮನೆಗೆಲಸ ಮಾಡಿದರು. ಹೌದು, ಮಾಡಿದರು. ಇದನ್ನೇ ನಮ್ಮ ಯಜಮಾನರು ಕಾರಿನಲ್ಲಿ ವಾದಿಸಿದ್ದು. ‘ಕೆಲಸ ಮಾಡಿದ್ದು ನಿಜ ತಾನೇ? ಅಜ್ಜ ಸುಳ್ಳು ಹೇಳಲಿಲ್ಲವಲ್ಲ?’ ಅಂತ. ಇಂಜಿನಿಯರ್ ತಲೆ, ಏನು ಮಾಡೋದು. ನಾನು ಕೇಳಿದೆ, ನೀವು ಈ ದೇಶಕ್ಕೆ ಬಂದ ಹೊಸದರಲ್ಲಿ ಕಾಲೇಜ್ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದಿರಿ ಅಲ್ವಾ? ನಾಳೆ ಮೊಮ್ಮಕ್ಕಳು ನಿಮ್ಮ ಫೋಟೋ ತೋರಿಸಿ ‘ತಟ್ಟೆ ತೊಳೆಯೋನು’ ಅಂತ ಹೇಳಿ ಮುಗಿಸಿದರೆ? ಆಮೇಲೆ ಮನೆ ಬರುವ ತನಕ ರೇಡಿಯೋ.

ಅದೇ ಜೇನ್ 1847ರಲ್ಲೇ ಈ ಕಣಿವೆಗೆ ಬಂದರು. ಇಲ್ಲಿ ಗಂಡನ ಜೊತೆ ಮನೆ, ಜಮೀನು ಮಾಡಿದರು. 1849ರ ಹೊತ್ತಿಗೆ ಊರಿಗೆ ಊರೇ ಹಸಿದಿತ್ತು. ಎಲೈಜಾ ಲೈಮನ್ ಅನ್ನೋ ಬಿಳಿ ಹೆಂಗಸಿನ ದಿನಚರಿಯಲ್ಲಿ ಆ ಏಪ್ರಿಲ್‌ನ ಒಂದು ಸಾಲು ಇದೆ: ಜೇನ್ ಜೇಮ್ಸ್ ಸುಮಾರು ಎರಡು ಪೌಂಡ್ ಹಿಟ್ಟು ಕೊಟ್ಟರು, ಅವರ ಹತ್ತಿರ ಇದ್ದದ್ದರಲ್ಲಿ ಅದು ಹೆಚ್ಚುಕಡಿಮೆ ಅರ್ಧ. ಎರಡು ಪೌಂಡ್ ಅಂದರೆ ಒಂದು ಕಿಲೋನೂ ಇಲ್ಲ. ಇನ್ನರ್ಧ ಇಟ್ಟುಕೊಂಡು ಗಂಡ, ಮಕ್ಕಳನ್ನು ಸಾಕಬೇಕಾದ ಹೆಂಗಸು ಅದನ್ನು ಪಕ್ಕದವರಿಗೆ ಕೊಟ್ಟರು. ಮಕ್ಕಳಿಗೆ ಹೇಳುವ ಕತೆ ಇದು ಅಲ್ವಾ? ಐಸ್‌ಕ್ರೀಮಿಗೆ ಮುಂಚೆ ಇದನ್ನು ಹೇಳೋಕೆ ಹತ್ತು ಸೆಕೆಂಡ್ ಸಾಕಿತ್ತು.

ಈಗ ‘ಕೆಲಸದವಳು’ ಮಾತು ನನಗೆ ಯಾಕೆ ಇಷ್ಟು ಚುಚ್ಚಿತು ಅಂತ ಹೇಳುತ್ತೇನೆ.

1852ರಲ್ಲಿ ಬ್ರಿಗಮ್ ಯಂಗ್ ಕಪ್ಪು ಗಂಡಸರಿಗೆ ಯಾಜಕ ಪದವಿ ಇಲ್ಲ ಅಂತ ಬಹಿರಂಗವಾಗಿ ಸಾರಿದರು. ಈ ಚರ್ಚಿನಲ್ಲಿ ಯಾಜಕ ಪದವಿ ಅಂದರೆ ಯಾರೋ ಒಬ್ಬ ಪಾದ್ರಿಗೆ ಕೊಡೋದಲ್ಲ, ಹೆಚ್ಚುಕಡಿಮೆ ಎಲ್ಲ ಗಂಡಸರಿಗೂ ಸಿಗುತ್ತದೆ. ಅದರ ಜೊತೆಗೆ ಕಪ್ಪು ಹೆಂಗಸರಿಗೂ ಗಂಡಸರಿಗೂ ಟೆಂಪಲ್ ಅನ್ನೋ ಅವರ ಪವಿತ್ರ ಮಂದಿರದ ಮುಖ್ಯ ವಿಧಿಗಳ ಬಾಗಿಲು ಮುಚ್ಚಿತು. ಸ್ವರ್ಗದಲ್ಲೂ ಕುಟುಂಬ ಒಂದಾಗಿರಬೇಕು ಅಂದರೆ ಆ ವಿಧಿಗಳು ಆಗಲೇಬೇಕು ಅನ್ನೋದು ಅವರ ನಂಬಿಕೆ. ಜೇನ್ ಕೇಳಿದರು. 1884ರಲ್ಲಿ ಚರ್ಚಿನ ಅಧ್ಯಕ್ಷರಿಗೆ ಪತ್ರ ಬರೆಸಿದರು. ಮತ್ತೆ ಮತ್ತೆ ಕೇಳುತ್ತಲೇ ಹೋದರು. ಹಿಂದೆ ಜೋಸೆಫ್ ಸ್ಮಿತ್ ಹೆಂಡತಿ ಎಮ್ಮಾ ‘ನಮ್ಮ ಮಗಳಾಗಿ ಸೇರಿಕೋ’ ಅಂದಿದ್ದರಂತೆ. ಆಗ ಅರ್ಥವಾಗದೆ ಬೇಡ ಅಂದಿದ್ದೆ, ಈಗ ಮಗಳಾಗಿ ಸೇರಿಸಿ ಅನ್ನೋದು ಜೇನ್ ಅಹವಾಲು.

1894ರಲ್ಲಿ ಚರ್ಚಿನ ಹಿರಿಯರು ಒಂದು ಉತ್ತರ ಹುಡುಕಿದರು. ಮಗಳಾಗಿ ಬೇಡ, ಅನಂತಕಾಲಕ್ಕೆ ಜೋಸೆಫ್ ಸ್ಮಿತ್ ಕುಟುಂಬದ ಸೇವಕಿಯಾಗಿ ಸೇರಿಸೋಣ ಅಂತ! ಸತ್ತ ಮೇಲೂ ಕೆಲಸ. ಸ್ವರ್ಗದಲ್ಲೂ ಕೆಲಸದವಳು. ವಿಧಿ ನಡೆಯುವಾಗ ಜೇನ್ ಅವರನ್ನು ಟೆಂಪಲ್ ಒಳಕ್ಕೆ ಬಿಡಲಿಲ್ಲ. ಅವರ ಬದಲಿಗೆ ಒಬ್ಬ ಬಿಳಿ ಹೆಂಗಸು ನಿಂತರು. ಈ ಚರ್ಚಿನಲ್ಲಿ ಒಬ್ಬರ ಬದಲು ಇನ್ನೊಬ್ಬರು ನಿಲ್ಲೋದು ಸಾಮಾನ್ಯವಾಗಿ ಸತ್ತವರಿಗಾಗಿ. ಜೇನ್ ಅದೇ ಊರಿನಲ್ಲಿ ಬದುಕಿದ್ದರು. ಜೋಸೆಫ್ ಸ್ಮಿತ್ ಬದಲು ನಿಂತವರು ಅವರ ತಮ್ಮ... ಅಲ್ಲ, ಅಣ್ಣನ ಮಗ ಜೋಸೆಫ್ ಎಫ್. ಸ್ಮಿತ್. ಈ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತದೆ.

ಹಾಗಾಗಿ ಆ ಅಜ್ಜ ಹೇಳಿದ್ದು ಅವರ ಸ್ವಂತ ಮಾತಲ್ಲ. ಅವರಿಗೆ ಯಾರೋ ಹೇಳಿಕೊಟ್ಟದ್ದು. ಆ ಯಾರಿಗೋ ಇನ್ಯಾರೋ.

ಪೇಟೆಯಲ್ಲಿ ಟೆಂಪಲ್ ಸ್ಕ್ವೇರ್ ಪಕ್ಕದ ಬ್ರಿಗಮ್ ಯಂಗ್ ಸ್ಮಾರಕ ಗೊತ್ತಲ್ಲ, ಬಂದವರನ್ನೆಲ್ಲ ನಾನು ನಿಲ್ಲಿಸಿ ಫೋಟೋ ತೆಗೆಯೋ ಜಾಗ? ಅದರಲ್ಲಿ ಮೊದಲು ಬಂದವರ ಹೆಸರಿನ ಫಲಕ ಇದೆ. ಹಾರ್ಕ್, ಆಸ್ಕರ್, ಗ್ರೀನ್ ಫ್ಲೇಕ್ ಮೂವರೂ ಇದ್ದಾರೆ. ಬೇರೆಯಾಗಿ, ‘ಕಪ್ಪು ಸೇವಕರು’ ಅನ್ನೋ ತಲೆಬರಹದಲ್ಲಿ. ಗುಲಾಮರು ಅಂತ ಬರೆಯೋಕೆ ನಾಚಿಕೆ, ಉಳಿದವರ ಜೊತೆ ಬರೆಯೋಕೆ ಇನ್ನೂ ನಾಚಿಕೆ. ತಮಾಷೆ ನೋಡಿ, ಬ್ರಿಗಮ್ ಯಂಗ್ ಜ್ವರ ಹಿಡಿದು ಹಿಂದೆ ಉಳಿದಿದ್ದಾಗ ದಾರಿ ಮಾಡಿಕೊಂಡು ಮುಂದೆ ಬಂದ ತಂಡದಲ್ಲಿ ಇವರಿದ್ದರು. ಹಬ್ಬ ಮಾತ್ರ ಬ್ರಿಗಮ್ ಬಂದ 24ಕ್ಕೆ.

ಫಲಕದಲ್ಲಿ ಹೆಸರು ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ. ಲೇ, ಕ್ರಾಸ್ಬಿ ಎರಡೂ ಯಜಮಾನರ ಮನೆತನ. ಹೊಸ ಪ್ರತಿಮೆಗಳಲ್ಲಿ ಅವರು ಹಾರ್ಕ್ ವೇಲ್ಸ್, ಆಸ್ಕರ್ ಸ್ಮಿತ್. ಅವು ಬಿಡುಗಡೆಯಾದ ಮೇಲೆ ತಮಗೆ ತಾವೇ ಇಟ್ಟುಕೊಂಡ ಹೆಸರುಗಳು. ಇದನ್ನು ಓದಿದಾಗ ನಿಜವಾಗಿ ಕಣ್ಣು ತುಂಬಿತು. ಯಾರೋ ಕೂತು ಹುಡುಕಿ ಅವರ ಹೆಸರನ್ನು ಅವರಿಗೆ ವಾಪಸ್ ಕೊಟ್ಟಿದ್ದಾರೆ.

ಇನ್ನು ನನ್ನ ತಪ್ಪೊಪ್ಪಿಗೆ. ಆ ಫಲಕದ ಮುಂದೆ ಅಪ್ಪ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆದಿದ್ದೇನೆ. ಅತ್ತೆ ಮಾವನನ್ನೂ. ಇದುವರೆಗೆ ಬಂದ ನೆಂಟರಿಗೆಲ್ಲ 1847ರ ಕತೆಯನ್ನು ಪುರಾಣದ ಹಾಗೆ ಹೇಳಿದ್ದೇನೆ. ಒಂದು ದಿನವೂ ಆ ಮೂರು ಹೆಸರು ಓದಿರಲಿಲ್ಲ.

ಇನ್ನೂ ಒಂದಿದೆ. ನಮ್ಮ ಶಿವಮೊಗ್ಗದ ಮನೆಯಲ್ಲಿ ನನ್ನನ್ನು ಎತ್ತಿ ಬೆಳೆಸಿದವರೊಬ್ಬರಿದ್ದರು. ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅವರ ಹೆಸರು ಕೇಳಿದೆ. ಅಮ್ಮ ತುಂಬಾ ಹೊತ್ತು ಯೋಚಿಸಿದರು. ‘ಎಲ್ಲರೂ ಕೆಲಸದಮ್ಮ ಅಂತಲೇ ಕರೀತಿದ್ವಲ್ಲೇ’ ಅಂದರು. ಅದಕ್ಕೆ ನಾನು ಏನೂ ಹೇಳಲಿಲ್ಲ. ಹೇಳೋಕೆ ಬಾಯಿ ಎಲ್ಲಿದೆ?

ನಮ್ಮದು ಬರೆದಿಡದ ಮನೆ, ಮರೆತುಹೋಯಿತು ಅನ್ನಬಹುದು. ಈ ಚರ್ಚಿಗೆ ಆ ನೆಪವೂ ಇಲ್ಲ. ಪ್ರಪಂಚದಲ್ಲಿ ಇವರಷ್ಟು ಬರೆದಿಡುವ ಜನ ಇಲ್ಲ ಮಾರಾಯ್ರೇ! ಸತ್ತವರ ಹೆಸರು ಉಳಿಸೋಕೆ ಗ್ರಾನೈಟ್ ಬೆಟ್ಟ ಕೊರೆದು ಒಳಗೆ ಮೈಕ್ರೋಫಿಲ್ಮ್ ಇಟ್ಟಿದ್ದಾರೆ. ಗುಲಾಮಗಿರಿಯಿಂದ ಬಿಡುಗಡೆಯಾದವರು ಹಣ ಇಡುತ್ತಿದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ದಾಖಲೆಗಳಿಂದ ಸುಮಾರು 4.8 ಲಕ್ಷ ಹೆಸರು ತೆಗೆದು 2001ರಲ್ಲಿ ಸಿಡಿ ಮಾಡಿ ಹಂಚಿದರು. ಯೂಟಾ ಜೈಲಿನ ಕೈದಿಗಳು ವರ್ಷಗಟ್ಟಲೆ ಕೂತು ಆ ಹೆಸರುಗಳನ್ನು ಬರೆದರು. ಎಷ್ಟೋ ಕಪ್ಪು ಕುಟುಂಬಗಳಿಗೆ ಅಜ್ಜ ಮುತ್ತಜ್ಜ ಸಿಕ್ಕಿದರು. ದೊಡ್ಡ ಕೆಲಸ, ಕೈ ಮುಗಿಯುತ್ತೇನೆ. ಆದರೆ ಊರವರ ಹಿರಿಯರನ್ನೆಲ್ಲ ಹುಡುಕಿಕೊಟ್ಟವರಿಗೆ ತಮ್ಮ ಮನೆಯ ಹಿರಿಯರು ಕಾಣಲಿಲ್ಲವಾ?

ಕಂಡಿದ್ದರು. ಅದೇ ನನ್ನ ಸಿಟ್ಟು. ಎಲೈಜಾ ಏಬಲ್ ಅಂತ ಒಬ್ಬ ಕಪ್ಪು ಬಡಗಿ. 1836ರಲ್ಲಿ, ಜೋಸೆಫ್ ಸ್ಮಿತ್ ಇದ್ದಾಗಲೇ, ಇವರಿಗೆ ಯಾಜಕ ಪದವಿ ಸಿಕ್ಕಿತ್ತು. ಮೂರು ಸಲ ಧರ್ಮಪ್ರಚಾರಕ್ಕೆ ಹೋದರು. ಟೆಂಪಲ್ ವಿಧಿ ಕೇಳಿದಾಗ ಮಾತ್ರ ಇಲ್ಲ ಅಂದರು. 1879ರಲ್ಲಿ ‘ಇವರಿಗೆ ನಿಜಕ್ಕೂ ಪದವಿ ಕೊಟ್ಟಿತ್ತಾ?’ ಅನ್ನೋ ಪ್ರಶ್ನೆ ಎದ್ದಿತು. ಆಗ ಏಬಲ್ ಹತ್ತಿರ ಇದ್ದ ಪ್ರಮಾಣಪತ್ರಗಳನ್ನು ಕಣ್ಣಾರೆ ನೋಡಿ, ಹೌದು ಇದೆ ಅಂದವರು ಜೋಸೆಫ್ ಎಫ್. ಸ್ಮಿತ್. ಏಬಲ್ 1884ರಲ್ಲಿ ತೀರಿಕೊಂಡರು. 1908ರ ಹೊತ್ತಿಗೆ ಜೋಸೆಫ್ ಎಫ್. ಸ್ಮಿತ್ ಚರ್ಚಿನ ಅಧ್ಯಕ್ಷರು. ಆಗ ಹೇಳಿದರು, ಏಬಲ್ ಪದವಿಯನ್ನು ಜೋಸೆಫ್ ಸ್ಮಿತ್ ಅವರೇ ರದ್ದು ಮಾಡಿದ್ದರು ಅಂತ. ಕಾಗದ ನೋಡಿದ ಅದೇ ಕಣ್ಣು, ಅದೇ ಬಾಯಿ.

ಅದೇ 1908ರ ಏಪ್ರಿಲ್‌ನಲ್ಲಿ ಜೇನ್ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ನಿಂತು ಅವರ ಬಗ್ಗೆ ಮಾತಾಡಿದವರೂ ಇದೇ ಜೋಸೆಫ್ ಎಫ್. ಸ್ಮಿತ್.

ಆಮೇಲೆ ಏನಾಯಿತು? ಕಪ್ಪು ಜನರಿಗೆ ಮೊದಲಿಂದಲೂ ಪದವಿ ಇರಲಿಲ್ಲ, ಇದು ದೇವರ ಆಜ್ಞೆ ಅಂತ 1949ರಲ್ಲಿ ಚರ್ಚಿನ ಹಿರಿಯರು ಅಧಿಕೃತವಾಗಿಯೇ ಹೇಳಿಕೆ ಕೊಟ್ಟರು. ಏಬಲ್ ನೆನಪು ಇದ್ದಿದ್ದರೆ ಆ ಮಾತು ಬಾಯಿಂದ ಬರುತ್ತಿತ್ತಾ? ಒಬ್ಬ ಬಡಗಿಯ ಹೆಸರು ಅಳಿಸಿದ್ದಕ್ಕೆ ತಲೆಮಾರುಗಟ್ಟಲೆ ಜನ ಬಾಗಿಲ ಹೊರಗೆ ನಿಂತರು. ‘ಹಳೇ ಕತೆ, ಈಗ ಯಾಕೆ?’ ಅನ್ನುವವರು ಇದನ್ನು ಎರಡು ಸಲ ಓದಿ.

ಪಕ್ಕದ ಮನೆಯಾಕೆ ಬೆಳಿಗ್ಗೆ ಅದನ್ನೇ ಅಂದರು. ‘1978ರಲ್ಲಿ ಎಲ್ಲ ಸರಿಯಾಯ್ತಲ್ಲ.’ ಆಯಿತು, ಒಪ್ಪುತ್ತೇನೆ. ಆ ವರ್ಷ ಜೂನ್‌ನಲ್ಲಿ ನಿರ್ಬಂಧ ತೆಗೆದರು. ಮರುವರ್ಷ ಜೇನ್ ಪರವಾಗಿ ಟೆಂಪಲ್ ವಿಧಿ ಕೂಡ ಆಯಿತು. ಸತ್ತು 71 ವರ್ಷದ ಮೇಲೆ. 2013ರಲ್ಲಿ ಚರ್ಚ್ ತಾನೇ ಒಂದು ಬರಹ ಪ್ರಕಟಿಸಿ, ಆರಂಭದಲ್ಲಿ ಕೆಲವು ಕಪ್ಪು ಗಂಡಸರಿಗೆ ಪದವಿ ಇತ್ತು ಅಂತ ಒಪ್ಪಿಕೊಂಡಿತು. ಅದನ್ನು ಓದಿದ್ದೀರಾ ಅಂತ ಕೇಳಿದೆ. ಓದಿಲ್ಲ. ಬಾಳೆಹಣ್ಣಿನ ಬ್ರೆಡ್ ಕೊಟ್ಟು ಹೋದರು. ಚೆನ್ನಾಗಿತ್ತು, ಅದು ಬೇರೆ ವಿಷಯ.

ರಾತ್ರಿ ನಿದ್ದೆ ಬರಲಿಲ್ಲ. ಯೂಟಾ ವಿಶ್ವವಿದ್ಯಾಲಯದ ಒಂದು ಡಿಜಿಟಲ್ ಸಂಗ್ರಹ ಇದೆ. 1830ರಿಂದ 1930ರವರೆಗೆ ಈ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ ಕಪ್ಪು ಜನರನ್ನು ಒಬ್ಬೊಬ್ಬರಾಗಿ ಹುಡುಕಿ, ದಾಖಲೆ ಸಮೇತ ಅವರ ಜೀವನ ಬರೆದು ಹಾಕುತ್ತಿದ್ದಾರೆ. ಎರಡು ಗಂಟೆಯವರೆಗೆ ಅದರಲ್ಲೇ ಮುಳುಗಿದ್ದೆ. ಸ್ಯಾಮ್ಯುಯೆಲ್ ಚೇಂಬರ್ಸ್ ಅಂತ ಒಬ್ಬರು. ಮಿಸಿಸಿಪ್ಪಿಯಲ್ಲಿ ಗುಲಾಮರಾಗಿದ್ದಾಗ, 1844ರಲ್ಲಿ, ಹದಿಮೂರನೇ ವಯಸ್ಸಿಗೆ ದೀಕ್ಷೆ. ಆಮೇಲೆ ಇಪ್ಪತ್ತೈದು ವರ್ಷ ಚರ್ಚಿನ ಸಂಪರ್ಕವೇ ಇಲ್ಲ. ಅಂತರ್ಯುದ್ಧ ಮುಗಿದು ಬಿಡುಗಡೆ ಆಯಿತು. ದುಡಿದು, ದುಡ್ಡು ಕೂಡಿಟ್ಟು, 1870ರಲ್ಲಿ ಹೆಂಡತಿ ಅಮಾಂಡಾ ಜೊತೆ ಇಲ್ಲಿಗೆ ಬಂದರು. ಯಾಜಕ ಪದವಿ ಕೊಡಲಿಲ್ಲ, ಡೀಕನ್ ಅನ್ನೋ ಮೊದಲ ಮೆಟ್ಟಿಲಿನ ಯಾಜಕರಿಗೆ ಸಹಾಯಕ ಅಂತ ಮಾಡಿದರು. ಅವರ ಸಭೆಗಳ ನಡಾವಳಿ ಪುಸ್ತಕದಲ್ಲಿ ಇವರ ಮಾತುಗಳನ್ನು ಬರೆದಿಟ್ಟಿದ್ದಾರೆ. ಒಂದಲ್ಲ, ಎಷ್ಟೋ ಸಲ. ಕಾರ್ಯದರ್ಶಿ ಯಾರೋ, ಪುಣ್ಯಾತ್ಮ, ಈ ಮನುಷ್ಯನ ಮಾತನ್ನೂ ಬರೆಯಬೇಕು ಅಂದುಕೊಂಡ. ಅಷ್ಟಕ್ಕೇ ಇವತ್ತು ಅವರ ದನಿ ಉಳಿದಿದೆ.

ಮುಂದಿನ ತಿಂಗಳು ಮೈಸೂರಿನಿಂದ ಅತ್ತಿಗೆ, ಅವರ ಮಕ್ಕಳು ಬರುತ್ತಿದ್ದಾರೆ. ಈ ಸಲ ಮೊದಲು ನಾಲ್ಕು ಪ್ರತಿಮೆಗಳ ಹತ್ತಿರ, ಆಮೇಲೆ ಪೇಟೆಯ ಫಲಕ, ಉಪ್ಪಿನ ಕೆರೆ ಕೊನೆಗೆ. ಮಕ್ಕಳಿಗೆ ಹಿಟ್ಟಿನ ಕತೆ ನಾನೇ ಹೇಳುತ್ತೇನೆ. ಐಸ್‌ಕ್ರೀಮೂ ಕೊಡಿಸುತ್ತೇನೆ. ಸಾಲ್ಟ್ ಲೇಕ್ ಸುತ್ತಮುತ್ತ ಇರುವವರು ಯಾರಾದರೂ ಬರೋದಾದರೆ ಹೇಳಿ, ವ್ಯಾನಿನಲ್ಲಿ ಎರಡು ಸೀಟ್ ಖಾಲಿ ಇವೆ. ಮತ್ತೆ ಶಿವಮೊಗ್ಗದ ನಮ್ಮ ಬೀದಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಮ್ಮ ಮನೆಯ ಆ ಅಮ್ಮನ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಾ ಅಂತ ಒಮ್ಮೆ ಕೇಳಿ. ಇಲ್ಲಿ ಬರೆಯಬೇಡಿ, ನನಗೆ ಫೋನ್ ಮಾಡಿ.