ಒಬ್ಬ ನಾಯಕಿಗೆ ಇಷ್ಟೊಂದು ಜೀವ ಬಿಡಬೇಕೇ?

ಹುಬ್ಬಳ್ಳಿಯ ಒಂದೇ ಮನೆತನದ ಇಬ್ಬರು ಓದುಗರು. ಒಬ್ಬಳು ಧಾರವಾಡದಲ್ಲಿ ಪದವಿ ಓದುತ್ತಿರುವ ಹುಡುಗಿ, ಇನ್ನೊಬ್ಬರು ಅವಳ ಮೌಶಿ. ಜಗಳದ ಮೂಲ ಅಮೆರಿಕದ ಲೇಖಕಿ ಸಾರಾ ಜೆ. ಮಾಸ್ ಇಂಗ್ಲಿಷಿನಲ್ಲಿ ಬರೆದ 'ಥ್ರೋನ್ ಆಫ್ ಗ್ಲಾಸ್' ಎಂಬ ಮಾಯಾಲೋಕದ ಕಾದಂಬರಿ ಸರಣಿ. ಇಬ್ಬರೂ ಕಥೆಯ ಗುಟ್ಟುಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟಿದ್ದಾರೆ. ಸರಣಿ ಓದಬೇಕೆಂದು ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಬಹುದು.

ಪರ: ಬಿಡಬೇಕು, ಯಾಕೆ ಬಿಡಬಾರದು?

ಸೆಲೇನಾ ಸಾರ್ಡೋಥಿಯನ್ ಕೊಲೆಗಾರ್ತಿ. ವಯಸ್ಸು ಹದಿನೆಂಟು. ಎಂಡೋವಿಯರ್ ಎಂಬ ಉಪ್ಪಿನ ಗಣಿಯಲ್ಲಿ ಒಂದು ವರ್ಷ ಗುಲಾಮಳಾಗಿ ದುಡಿದು, ಬೆನ್ನ ಮೇಲೆ ಚಾವಟಿಯ ಬಾಸುಂಡೆ ಹೊತ್ತು ಬಂದವಳು. ಯಾವ ರಾಜನ ರಾಜ್ಯ ಅವಳನ್ನು ಗಣಿಗೆ ತಳ್ಳಿತೋ ಅದೇ ರಾಜನ ಬಂಟಳಾಗುವ ಸ್ಪರ್ಧೆಗೆ ಇಳಿಯುತ್ತಾಳೆ. ಗೆದ್ದು ನಾಲ್ಕು ವರ್ಷ ಚಾಕರಿ ಮಾಡಿದರೆ ಬಿಡುಗಡೆ. ಸಿಂಡ್ರೆಲಾ ರಾಜಕುಮಾರನ ಜೊತೆ ಕುಣಿಯುವ ಬದಲು ಅವನನ್ನು ಕೊಲ್ಲಲು ಬಂದಿದ್ದರೆ? ಹೀಗೊಂದು ಯೋಚನೆಯಿಂದ ಲೇಖಕಿ ಹದಿನಾರನೇ ವಯಸ್ಸಿಗೆ ಈ ಕಥೆ ಶುರು ಮಾಡಿದಳಂತೆ. ಮೊದಲ ಪುಸ್ತಕ ಬಂದಿದ್ದು 2012ರಲ್ಲಿ, ಕೊನೆಯದು 2018ರಲ್ಲಿ. ಒಟ್ಟು ಏಳು ಕಾದಂಬರಿ. ನಡುವೆ 2014ರಲ್ಲಿ ಪೂರ್ವಕಥೆಗಳದ್ದೊಂದು ಸಂಪುಟ. ಕೊನೆಯದು ಸಾವಿರ ಪುಟಕ್ಕೆ ಹತ್ತಿರ ಇದೆ. ಅದನ್ನು ಮಲಗಿಕೊಂಡು ಓದಲು ಹೋಗಿ ಕೈಜಾರಿ ಮೂಗಿಗೆ ಬಡಿಸಿಕೊಂಡವಳು ನಾನೊಬ್ಬಳೇ ಇರಲಿಕ್ಕಿಲ್ಲ.

ಕತ್ತಿ ಹಿಡಿದ ನಾಯಕಿಯರು ಬೇಕಾದಷ್ಟು ಜನ ಇದ್ದಾರೆ. ನನಗೆ ಇವಳೇ ಯಾಕೆ ಹಿಡಿಸಿದಳು ಎಂದರೆ, ಇವಳು ಶಾಣ್ಯಾ ಹುಡುಗಿಯಲ್ಲ. ಬಟ್ಟೆಯ ಹುಚ್ಚು ಇದೆ, ಕನ್ನಡಿ ಬಿಟ್ಟು ಸರಿಯುವುದಿಲ್ಲ, ತನ್ನಂಥ ಚತುರೆ ಇಲ್ಲವೆಂದು ಬಾಯಿ ಬಿಟ್ಟೇ ಹೇಳಿಕೊಳ್ಳುತ್ತಾಳೆ. ಅರಮನೆಯ ಗ್ರಂಥಾಲಯ ಕಂಡರೆ ಕೊಲೆಯ ಕೆಲಸವನ್ನೂ ಮರೆಯುತ್ತಾಳೆ. ಹಬ್ಬಕ್ಕೆ ಬಂದ ಮಿಠಾಯಿ ಚೀಲವನ್ನು ಒಬ್ಬಳೇ ತಿಂದು ಹಲ್ಲು ಕೆಂಪಗೆ ಮಾಡಿಕೊಂಡು, ಅದೇ ಹಲ್ಲು ಬಿಟ್ಟು ಯುವರಾಜನ ಮುಂದೆ ನಗುತ್ತಾಳೆ. ಹುಡುಗಿ ಒಂದೋ ಚೆಂದ ಇರಬೇಕು, ಇಲ್ಲವೇ ಜಾಣೆ ಇರಬೇಕು, ಎರಡೂ ಇದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ನಮ್ಮ ಕಡೆ ಯಾರೂ ಎದುರಿಗೆ ಹೇಳುವುದಿಲ್ಲ. ಆದರೆ ಹತ್ತನೇ ಇಯತ್ತೆ ಮುಗಿಯುವುದರೊಳಗೆ ನಮಗೆಲ್ಲ ಅದು ಬಾಯಿಪಾಠ ಆಗಿರುತ್ತದೆ. ಸೆಲೇನಾಗೆ ಆ ಪಾಠ ಯಾರೂ ಮಾಡಿಲ್ಲ.

ಅದಕ್ಕಿಂತ ಹೆಚ್ಚಾಗಿ ಮೂರನೆಯ ಕಾದಂಬರಿ, 'ಏರ್ ಆಫ್ ಫೈರ್'. ಗೆಳತಿಯನ್ನು ಕಳೆದುಕೊಂಡ ನಾಯಕಿ ಪರನಾಡಿನ ಒಂದು ಊರಿನಲ್ಲಿ, ಉರಿಬಿಸಿಲಿನಲ್ಲಿ, ಮಾಳಿಗೆಯ ಮೇಲೆ ಬಿದ್ದುಕೊಂಡಿದ್ದಾಳೆ. ಮೈ ತೊಳೆದಿಲ್ಲ. ಕದ್ದ ರೊಟ್ಟಿ ತಿನ್ನುವುದು, ಅಗ್ಗದ ಹೆಂಡ ಕುಡಿಯುವುದು, ಇಷ್ಟೇ ಅವಳ ದಿನಚರಿ. ಒಪ್ಪಿಕೊಂಡ ಕೆಲಸ ಮಾಡುವುದಿಲ್ಲ, ಮಾಡುವ ಮನಸ್ಸೂ ಇಲ್ಲ. ವೀರರ ಕಥೆಯಲ್ಲಿ ದುಃಖ ಎಂದರೆ ಒಂದು ಅಧ್ಯಾಯ ಅತ್ತು, ಮುಂದಿನ ಅಧ್ಯಾಯದಲ್ಲಿ ಕತ್ತಿ ಮಸೆಯುವುದು. ಇಲ್ಲಿ ಹಾಗಿಲ್ಲ. ಒಂದು ಇಡೀ ದಪ್ಪ ಕಾದಂಬರಿ ಅವಳು ಎದ್ದು ಕೂರುವುದಕ್ಕೇ ಬೇಕಾಗುತ್ತದೆ. ನನ್ನ ಜೊತೆಗಿನ ಹುಡುಗಿಯರು ಈ ಪುಸ್ತಕಕ್ಕೆ ಮರಳಿ ಮರಳಿ ಹೋಗುವುದು ಯುದ್ಧಕ್ಕಾಗಿ ಎಂದು ದೊಡ್ಡವರು ತಿಳಿದುಕೊಂಡಿದ್ದಾರೆ. ಮಾಳಿಗೆಯ ಆ ಪುಟಗಳಿಗಾಗಿ ಹೋಗುವವರೇ ಹೆಚ್ಚು.

ಮೌಶಿಗೆ ಸಿಟ್ಟು ತರಿಸುವ ನನ್ನ ಅಭ್ಯಾಸ ಒಂದಿದೆ, ಅದನ್ನು ಬಿಡಿಸಿ ಹೇಳುತ್ತೇನೆ. 'ಎಂಪೈರ್ ಆಫ್ ಸ್ಟಾರ್ಮ್ಸ್' 2016ರದ್ದು, 'ಟವರ್ ಆಫ್ ಡಾನ್' 2017ರದ್ದು. ಎರಡರ ಕಥೆಯೂ ಒಂದೇ ಕಾಲದಲ್ಲಿ ನಡೆಯುತ್ತದೆ. ಉತ್ತರದಲ್ಲಿ ನಾಯಕಿ ಸೈನ್ಯ ಕೂಡಿಸಲು ಪರದಾಡುವಾಗ, ದಕ್ಷಿಣ ಖಂಡದಲ್ಲಿ ಕೇಯಾಲ್ ಎಂಬ ಹಳೆಯ ದಳಪತಿ, ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿಯಲ್ಲಿ ಕೂತು, ಖಗಾನನ ಆಸ್ಥಾನದಲ್ಲಿ ಸೈನ್ಯ ಬೇಡುತ್ತಿರುತ್ತಾನೆ. ಇವನ ಸುದ್ದಿ ಅವಳಿಗಿಲ್ಲ, ಅವಳ ಸುದ್ದಿ ಇವನಿಗಿಲ್ಲ. ಅಭಿಮಾನಿಗಳು ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಇದರ ಕೆಲವು ಅಧ್ಯಾಯ, ಅದರ ಕೆಲವು ಅಧ್ಯಾಯ ಎಂದು ಹೆಣೆದು ಓದುತ್ತಾರೆ. ನಾನೂ ಓದಿದೆ. ಒಂದಕ್ಕೆ ಹಳದಿ ಚೀಟಿ, ಇನ್ನೊಂದಕ್ಕೆ ಹಸಿರು ಚೀಟಿ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ತೊಡೆಯ ಮೇಲೆ ಎರಡು ಪುಸ್ತಕ ತೆರೆದಿಟ್ಟುಕೊಂಡ ನನ್ನನ್ನು ನೋಡಿ, ಪಕ್ಕದ ಸೀಟಿನ ಅಜ್ಜಿ 'ಪರೀಕ್ಷಾ ಐತೇನವಾ' ಎಂದು ಮರುಕದಿಂದ ಕೇಳಿದರು. ಒಂದು ಕಡೆ ಗೊತ್ತಿದ್ದದ್ದು ಇನ್ನೊಂದು ಕಡೆ ಗೊತ್ತಿಲ್ಲದಿರುವುದರಿಂದ ಕಥೆಗೆ ಬರುವ ಬಿಗಿ ಏನೆಂದು ನನಗೆ ತಿಳಿದದ್ದು ಆ ಓದಿನಲ್ಲಿ. ಕಾಲೇಜಿನ ವಿಮರ್ಶೆಯ ಪತ್ರಿಕೆ ಅದನ್ನು ಹೇಳಿಕೊಟ್ಟಿರಲಿಲ್ಲ.

'ಟವರ್ ಆಫ್ ಡಾನ್' ಸಂಪುಟದ ವೈದ್ಯೆ ಇರೀನ್ ಕಥೆ ನೋಡಿ. ಪೂರ್ವಕಥೆಯೊಂದರಲ್ಲಿ ಅವಳು ಬಂದರಿನ ಹೊಲಸು ಖಾನಾವಳಿಯಲ್ಲಿ ದುಡಿಯುವ ಹುಡುಗಿ. ಸೆಲೇನಾ ಅವಳಿಗೆ ಕೈಕಾಲು ಆಡಿಸಿ ಪಾರಾಗುವ ನಾಲ್ಕು ಪಟ್ಟು ಕಲಿಸಿ, ಒಂದಿಷ್ಟು ಹೊನ್ನು, ಒಂದು ಚೀಟಿ ಬಿಟ್ಟು ಹೆಸರನ್ನೂ ಹೇಳದೆ ಹೋಗುತ್ತಾಳೆ. ಆ ಹುಡುಗಿ ಆ ಹೊನ್ನಿನಿಂದ ಕಡಲು ದಾಟಿ ವೈದ್ಯ ಕಲಿತು, ಸಂಪುಟಗಳಾಚೆ ಕೇಯಾಲ್‌ನ ಕಾಲಿಗೆ ಜೀವ ತುಂಬುತ್ತಾಳೆ. ಚೀಟಿಯನ್ನು ಇನ್ನೂ ಇಟ್ಟುಕೊಂಡಿರುತ್ತಾಳೆ. ಇದನ್ನು ಒಂದೇ ಸಲ ಓದಿ ಬಿಸಾಕಿದವರಿಗೆ ಚೀಟಿ ನೆನಪಿರುವುದಿಲ್ಲ. ನೆನಪಿಡಲು ಅಭಿಮಾನ ಬೇಕು.

ಇನ್ನು 'ಪರದೇಶದ ಸರಕು' ಎಂಬ ಮಾತು. ಹಾವೇರಿ ಕಡೆಯ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು, ಓದದವರನ್ನು ಓದುಗರನ್ನಾಗಿ ಮಾಡಿದರು ಎಂದು ಈ ಮನೆಯಲ್ಲೇ ಕೇಳಿ ಬೆಳೆದಿದ್ದೇನೆ. ಅವರ ಕಾದಂಬರಿಗಳಲ್ಲಿ ಎಷ್ಟೋ ಮರಾಠಿಯಿಂದ, ಹರಿ ನಾರಾಯಣ ಆಪಟೆಯವರಿಂದ ಬಂದವು. ಅಂದಿನ ಓದುಗರು ಊರ ಹೆಸರು ವಿಚಾರಿಸಿ ಓದಲಿಲ್ಲ, ಕಥೆ ಬೇಕಿತ್ತು, ಓದಿದರು. ಇಂದು ಹದಿನಾಲ್ಕರ ಹುಡುಗಿಗೆ ಕನ್ನಡದ ಕಪಾಟಿನಲ್ಲಿ ಏನಿದೆ? ಈ ಕಡೆ ಮಕ್ಕಳ ಪದ್ಯ, ಆ ಕಡೆ ಭೈರಪ್ಪ. ನಡುವೆ ತೇಜಸ್ವಿ ಇದ್ದಾರೆ, ದೇವರು ದೊಡ್ಡವನು. ಆದರೆ ತೇಜಸ್ವಿಯವರ ಕಾಡಿನಲ್ಲಿ ನನ್ನ ವಯಸ್ಸಿನ ಹುಡುಗಿ ಮುಂದೆ ನಿಂತು ಕಥೆ ನಡೆಸುವುದಿಲ್ಲ.

ಕೊನೆಯದಾಗಿ, ನಾನು ಬರೆಯಲು ಕೂತದ್ದು ಇವಳಿಂದ. ನೋಟ್‌ಬುಕ್ಕಿನಲ್ಲಿ ಬೆಳೆಯುತ್ತಿರುವ ಕಥೆ ಕನ್ನಡದ್ದು, ಅದರ ಹುಡುಗಿ ಉಣಕಲ್ ಕೆರೆಯ ದಂಡೆಯವಳು, ಬೈಯುವುದು ನಮ್ಮ ಓಣಿಯ ಬೈಗುಳ. ಅದನ್ನು ಮೌಶಿಗೆ ಇನ್ನೂ ತೋರಿಸಿಲ್ಲ. ಅವರ ಬರಹ ಓದಿದ ಮೇಲೆ ಯಾಕೆಂದು ನಿಮಗೇ ಗೊತ್ತಾಗುತ್ತದೆ.

ವಿರೋಧ: ಓದಲಿ, ಆರತಿ ಎತ್ತುವುದು ಬೇಡ

ನಾನು ಸರಣಿಯ ಬಹುಪಾಲು ಓದಿದ್ದೇನೆ. ಮೊದಲ ಎರಡನ್ನು ಒಳ್ಳೆಯ ಪ್ರತಿಯಲ್ಲಿ, ಮೂರನೆಯದನ್ನು ಹುಡುಗಿ ಫುಟ್‌ಪಾತಿನಿಂದ ತಂದ ನಕಲಿ ಪ್ರತಿಯಲ್ಲಿ. ಅದರಲ್ಲಿ ಒಂದು ಫಾರಂ ಎರಡು ಸಲ ಹೊಲಿದು, ಮುಂದಿನ ಫಾರಂ ಮಾಯವಾಗಿತ್ತು. ತಪ್ಪಿದ ಪುಟಗಳಲ್ಲಿ ಏನಾಯಿತೆಂದು ಕೇಳಿದರೆ ಅವಳು ಕಣ್ಣು ಮುಚ್ಚಿ, ಮಾತು ಮಾತಿಗೂ ಒಪ್ಪಿಸಿಬಿಟ್ಟಳು. ನನಗೆ ಹೆಮ್ಮೆಯೂ ಆಯಿತು, ಗಾಬರಿಯೂ ಆಯಿತು.

ಇಂಗ್ಲಿಷಿನ ಮೇಲೆ, ಕಟ್ಟುಕಥೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ವಾರಪತ್ರಿಕೆಯ ಧಾರಾವಾಹಿಗಾಗಿ ಅಣ್ಣ ತಮ್ಮಂದಿರ ಜೊತೆ ಹೊಡೆದಾಡಿದ ಮನೆ ನಮ್ಮದು. ನಾಯಕಿಯ ಬಗ್ಗೆಯೂ ತಕರಾರು ಕಡಿಮೆ. ಮೊದಲ ಪುಸ್ತಕದ ಸೆಲೇನಾ ನನಗೂ ಇಷ್ಟ. ಅಲ್ಲಿ ಅವಳಿಗಿರುವುದು ಕಲಿತ ವಿದ್ಯೆ. ಗಣಿಯಲ್ಲಿ ಬಡವಾದ ಮೈಯನ್ನು ದಿನಾ ಬೆಳಗ್ಗೆ ಓಡಿ, ವಾಂತಿ ಮಾಡಿಕೊಂಡು, ಮತ್ತೆ ಓಡಿ ಸರಿಮಾಡಿಕೊಳ್ಳುತ್ತಾಳೆ. ಅಭಿಮಾನ ಹುಟ್ಟಬೇಕಾದ ಜಾಗ ಅದು.

ಎರಡನೆಯ ಪುಸ್ತಕದ ಕೊನೆಗೆ ಏನಾಗುತ್ತದೆ? ಅವಳು ಕಳೆದುಹೋದ ರಾಣಿ ಎಂದು ಗೊತ್ತಾಗುತ್ತದೆ. ಏಲಿನ್ ಎಂಬುದು ನಿಜವಾದ ಹೆಸರು, ಟೆರಾಸೆನ್ ಸಿಂಹಾಸನದ ಹಕ್ಕುದಾರಳು, ಮೈಯೊಳಗೆ ಬೆಂಕಿಯ ಮಾಯೆ, ರಕ್ತದಲ್ಲಿ ಯಕ್ಷರಂಥ ಫೇ ಕುಲದ ಪಾಲು. ಅಲ್ಲಿಂದ ಮುಂದೆ ಬೆವರು ಸುರಿಸಿ ಕಲಿತದ್ದೆಲ್ಲ ಹಿಂದೆ ಸರಿದು, ಹುಟ್ಟಿನಿಂದ ಬಂದದ್ದು ಮುಂದೆ ಕೂರುತ್ತದೆ. ಉಪ್ಪಿನ ಗಣಿಯಲ್ಲಿ ಅವಳ ಪಕ್ಕ ಸರಪಳಿಯಲ್ಲಿ ದುಡಿದ ಸಾವಿರ ಹುಡುಗಿಯರಿಗೆ ರಾಜಮನೆತನದ ರಕ್ತ ಇರಲಿಲ್ಲ, ಅವರ ಹೆಸರೂ ನಮಗೆ ಗೊತ್ತಿಲ್ಲ. ಜನ್ಮದಿಂದ ಯಾರೂ ಹೆಚ್ಚಲ್ಲ ಎಂಬ ಮಾತು ಹುಟ್ಟಿ ಎಂಟುನೂರು ವರ್ಷ ದಾಟಿದ ಈ ನೆಲದಲ್ಲಿ ಬೆಳೆದ ಹುಡುಗಿ, ಇದೊಂದನ್ನೂ ಪ್ರಶ್ನಿಸದೆ ನುಂಗುತ್ತಾಳಲ್ಲ ಎಂಬುದೇ ನನ್ನ ಸಂಕಟ. ಕೇಳಿದರೆ, 'ಮೌಶಿ, ಅಕೀ ರಾಣಿ ಆಗೂದು ಮೊದಲಿಂದನ ಗೊತ್ತಿರಬೇಕಲ್ರಿ, ಸುಳಿವು ಕೊಟ್ಟಾರ' ಎನ್ನುತ್ತಾಳೆ. ಸುಳಿವು ಕೊಟ್ಟಿದ್ದಾರೆ, ಸರಿ. ಅದು ಕಸುಬಿನ ಮಾತಾಯಿತು. ನಾನು ಕೇಳಿದ್ದು ಬೇರೆ.

ಇನ್ನು ನೆಹೇಮಿಯಾ. ಮಾಳಿಗೆಯ ಮೇಲಿನ ದುಃಖದ ಬಗ್ಗೆ ಹುಡುಗಿ ಚೆನ್ನಾಗಿ ಬರೆದಿದ್ದಾಳೆ, ಆದರೆ ಆ ದುಃಖ ಯಾರ ಸಾವಿನಿಂದ ಬಂತು ಎಂಬುದನ್ನು 'ಗೆಳತಿ' ಎಂದು ಒಂದು ಶಬ್ದದಲ್ಲಿ ದಾಟಿಸಿದ್ದಾಳೆ. ನೆಹೇಮಿಯಾ ಎಲ್ವೆ ಎಂಬ ನಾಡಿನ ರಾಜಕುಮಾರಿ. ಕಂದು ಮೈಬಣ್ಣದವಳು. ಅವಳ ನಾಡನ್ನು ಸೆಲೇನಾಳನ್ನು ಗಣಿಗೆ ತಳ್ಳಿದ ರಾಜ್ಯವಾದ ಅಡಾರ್ಲನ್ ಆಕ್ರಮಿಸಿದೆ, ಅವಳ ಜನ ಅದೇ ಗಣಿಗಳಲ್ಲಿ ಗುಲಾಮರು. ಶತ್ರುವಿನ ಅರಮನೆಯಲ್ಲೇ ಕೂತು ರಾಜಕಾರಣ ಮಾಡುವ ಹೆಣ್ಣು ಅವಳು. ಇಡೀ ಸರಣಿಯಲ್ಲಿ ನನಗೆ ಎಲ್ಲರಿಗಿಂತ ಬುದ್ಧಿವಂತಳಾಗಿ ಕಂಡವಳು. ಅವಳನ್ನು ಎರಡನೆಯ ಪುಸ್ತಕದಲ್ಲಿ ಕೊಲ್ಲಿಸಲಾಗುತ್ತದೆ. ಸಾಲದ್ದಕ್ಕೆ, ಆ ಸಾವು ನಾಯಕಿಯನ್ನು ಕೆಲಸಕ್ಕೆ ಹಚ್ಚಲು ಅವಳೇ ಒಪ್ಪಿ ಒಡ್ಡಿಕೊಂಡ ಬಲಿ ಎಂದು ಆಮೇಲೆ ತಿಳಿಯುತ್ತದೆ. ತನ್ನ ನಾಡನ್ನು ಬಿಡಿಸಬೇಕಾದವಳು ಇನ್ನೊಬ್ಬಳ ಕಥೆಗೆ ಎಣ್ಣೆಯಾದಳು. ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ, ಅಲ್ಲಿಯ ಓದುಗರೂ ಹೇಳಿದ್ದಾರೆ. ಬ್ರಿಟಿಷರ ಕೈಯಲ್ಲಿ ಕಿತ್ತೂರು ಕಳೆದುಕೊಂಡು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಚೆನ್ನಮ್ಮನ ಹೆಸರಿನ ಸರ್ಕಲ್ ದಾಟಿ ದಿನಾ ಬಸ್ಸು ಹತ್ತುವ ಹುಡುಗಿಗೆ ನೆಹೇಮಿಯಾ ಎದೆಗೆ ತಾಗಬೇಕಿತ್ತು. ತಾಗಲಿಲ್ಲ, ಯಾಕೆಂದರೆ ಕಣ್ಣೆಲ್ಲ ನಾಯಕಿಯ ಮೇಲೆ.

ಕೇಯಾಲ್ ವಿಷಯಕ್ಕೆ ಬರುತ್ತೇನೆ. ಎರಡು ಪುಸ್ತಕ ಹೆಣೆದು ಓದಿದ ನಮ್ಮ ಹುಡುಗಿಯ ಶ್ರದ್ಧೆಗೆ ಶಭಾಷ್. ಆದರೆ ಅವಳ ಗೆಳತಿಯರಲ್ಲಿ ಕೆಲವರು 'ಟವರ್ ಆಫ್ ಡಾನ್' ಮುಟ್ಟಿಯೇ ಇಲ್ಲ. ಕಾರಣ, ಅದರಲ್ಲಿ ನಾಯಕಿ ಹೆಚ್ಚೂಕಡಿಮೆ ಕಾಣಿಸಿಕೊಳ್ಳುವುದೇ ಇಲ್ಲ, ಮತ್ತು ಅದು ಅವಳನ್ನು ಸಂಶಯಿಸಿದವನ ಕಥೆ. ಹೆದರಿದ, ತಪ್ಪು ತಿಳಿದ, ಅವಳ ಮುಂದೆ ಕೆಟ್ಟದಾಗಿ ಮಾತಾಡಿದ ಮನುಷ್ಯ, ನಿಜ. ಆದರೆ ಆ ಸರಣಿಯಲ್ಲಿ ನಮ್ಮ ನಿಮ್ಮಂತೆ ಗೊಂದಲದಲ್ಲಿ ಬದುಕುವವನು ಅವನೊಬ್ಬನೇ. ನನ್ನ ಲೆಕ್ಕದಲ್ಲಿ ಅವನ ಸಂಪುಟವೇ ಎಲ್ಲಕ್ಕಿಂತ ಒಳ್ಳೆಯದು. ಲೇಖಕಿಯೇ ಅವನನ್ನು ಕ್ಷಮಿಸಿ ಒಂದು ದಪ್ಪ ಪುಸ್ತಕ ಕೊಟ್ಟರೂ ಅಭಿಮಾನಿಗಳು ಕ್ಷಮಿಸಿಲ್ಲ. ಓದುವವರು ವಕೀಲರಾಗಿಬಿಟ್ಟರೆ ಹೀಗೆ.

ರಟ್ಟು ಬದಲಿಸಿ ಅದೇ ಪುಸ್ತಕವನ್ನು ಮತ್ತೆ ಮಾರುವ ವ್ಯಾಪಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ದುಡ್ಡು ಅವಳಪ್ಪನದು. ಮುಂದಿನ ಸಂಪುಟಗಳಲ್ಲಿ ಪ್ರಣಯದ ದೃಶ್ಯಗಳು ದೊಡ್ಡವರ ಮಟ್ಟಕ್ಕೆ ಹೋಗುತ್ತವೆ. ಹನ್ನೆರಡರ ಮಗುವಿಗೆ ಎಂಟೂ ಪುಸ್ತಕದ ಪೆಟ್ಟಿಗೆ ಉಡುಗೊರೆ ಕೊಡುವ ಮೊದಲು ತಂದೆತಾಯಿ ಇದನ್ನು ತಿಳಿದಿರಲಿ, ಅಷ್ಟೇ.

ನಾವು ತ್ರಿವೇಣಿಯವರ 'ಶರಪಂಜರ' ಓದಿದವರು. ಕಾವೇರಿಗಾಗಿ ಅತ್ತವರು. ಬಾಣಂತಿತನದಲ್ಲಿ ಬುದ್ಧಿ ಕೆಟ್ಟು, ವಾಸಿಯಾಗಿ ಮನೆಗೆ ಬಂದವಳನ್ನು ಆ ಮನೆ ಹೇಗೆ ನೋಡುತ್ತದೆ ಎಂಬ ಕಥೆ ಅದು. ಕೊನೆ ಹೇಳುವುದಿಲ್ಲ, ನಮ್ಮ ಹುಡುಗಿ ಇನ್ನೂ ಓದಿಲ್ಲ. ಕಾವೇರಿಯ ಹಾಗೆ ಆಗಬೇಕೆಂದು ನಮ್ಮಲ್ಲಿ ಯಾರಿಗೂ ಅನಿಸಲಿಲ್ಲ. ಅನಿಸದೇ ಇದ್ದುದರಿಂದಲೇ ಅವಳ ಗಂಡನ ಮೇಲೆ ಸಿಟ್ಟು ಬಂತು, ನಮ್ಮ ಓಣಿಯಲ್ಲೇ ಇದ್ದ ಒಬ್ಬಾಕೆಯ ನೆನಪು ಬಂತು. ಬರೀ ಗೆಲ್ಲುವವಳ ಬೆನ್ನು ಹತ್ತಿದರೆ ಸೋತವರ ಕಡೆ ಕಣ್ಣು ಹೊರಳುವುದು ಕಷ್ಟ.

ಗಳಗನಾಥರ ಹೆಸರು ಎತ್ತಿ ಅವಳು ನನ್ನ ಬಾಯಿ ಕಟ್ಟಿದ್ದೇನೆಂದು ತಿಳಿದಿದ್ದಾಳೆ. ಮರಾಠಿಯಿಂದ ತಂದರು, ನಿಜ. ಆದರೆ ಅವರ ಗಂಟಿನಲ್ಲಿ ಒಂದು ಮುಗಿದರೆ ಇನ್ನೊಂದು ಬೇರೆ ಕಾದಂಬರಿ ಇರುತ್ತಿತ್ತು. ಧಾರವಾಡದಲ್ಲಿ 1933ರಿಂದ ನಡೆದು ಬಂದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿದವರ ಮನೆಗೆ ಕಾದಂಬರಿಯೂ ಬರುತ್ತಿತ್ತು, ನಾಟಕವೂ ಬರುತ್ತಿತ್ತು, ಕೇಳದೇ ಇದ್ದ ವಿಮರ್ಶೆಯೂ ಬರುತ್ತಿತ್ತು. ನನ್ನಪ್ಪ ಬಂದದ್ದನ್ನೆಲ್ಲ ಗೊಣಗುತ್ತಲೇ ಓದುತ್ತಿದ್ದರು. ಕನ್ನಡದ ಕಪಾಟು ಖಾಲಿ ಎಂದು ಬರೆದವಳು, ನಮ್ಮ ಮನೆಯ ಕಪಾಟಿನ ಮೇಲಿನ ಎರಡು ಸಾಲನ್ನು ಸೆಲೇನಾಳ ಸಂಪುಟ ಇಡುವುದಕ್ಕೆಂದು ತಾನೇ ಖಾಲಿ ಮಾಡಿಸಿದ್ದನ್ನು ಬರೆದಿಲ್ಲ.

ಈ ಲೇಖನ ಅವಳಿಗೆ ತೋರಿಸಿದೆ. ಸಿಟ್ಟಾಗಲಿಲ್ಲ. 'ಕಡೇದ ಪುಸ್ತಕ ಓದಿಲ್ಲ ನೀವು. ಅದನ್ನ ಓದೂತನಕ ನಿಮಗ ಮಾತಾಡೂ ಹಕ್ಕಿಲ್ಲ ನೋಡ್ರಿ ಮೌಶಿ' ಎಂದಳು. ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಹತ್ತು ಪರ್ವಗಳನ್ನು ಪೂರ್ತಿ ಓದಿದವರು ನಮ್ಮ ಓಣಿಯಲ್ಲಿ ಎಷ್ಟು ಜನ? ಆದರೂ ಕೃಷ್ಣ ಮಾಡಿದ್ದು ಸರಿಯೋ ತಪ್ಪೋ ಎಂದು ಕಟ್ಟೆಯ ಮೇಲೆ ಕೂತು ಎಲ್ಲರೂ ಜಗಳಾಡುತ್ತಾರೆ, ಅವರಿಗೆ ಯಾರೂ ಪುಟದ ಲೆಕ್ಕ ಕೇಳಿಲ್ಲ.