ಆಪ್ಷನ್ ಎಂಟ್ರಿ ಬಲ್ಲವರ ಮನೆಗೆ ಸೆಕೆಂಡರಿ ಬಂದಾಗ

ಊರಲ್ಲಿ ಮೆಡಿಕಲ್ ಸೀಟು ಅಂದರೆ ನೀಟ್ ಅಂಕ, ಕೆಇಎ ದಾಖಲೆ ಪರಿಶೀಲನೆ, ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವ ಆಪ್ಷನ್ ಎಂಟ್ರಿ. 720ಕ್ಕೆ ಎಷ್ಟು ಬಂತು, ಗ್ರಾಮೀಣ ಕೋಟಾ ಸಿಗುತ್ತದಾ, ಕನ್ನಡ ಮಾಧ್ಯಮದ ಸರ್ಟಿಫಿಕೇಟಿಗೆ ಬಿಇಒ ಮೇಲುರುಜು ಬಿದ್ದಿದೆಯಾ ಅನ್ನುವುದೇ ಮಾತು. ಡಾಕ್ಟರ್ ಯಾಕಾಗಬೇಕು ಅಂತ ಆ ದಾರಿಯಲ್ಲಿ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು, ಮೆಡಿಕಲ್ ಕಾಲೇಜುಗಳಿಗೆ ಒಟ್ಟಾಗಿ ಅರ್ಜಿ ಹಾಕುವ ಆಮ್‌ಕ್ಯಾಸ್ ಪೋರ್ಟಲ್‌ನಲ್ಲಿ ಮೂಲ ಅರ್ಜಿ ಹಾಕಿದ ಮೇಲೆ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆಪಟ್ಟಿ ಕಳಿಸುತ್ತದೆ. ಅದಕ್ಕೆ ಸೆಕೆಂಡರಿ ಅನ್ನುತ್ತಾರೆ. ನಮ್ಮಲ್ಲೇ ಯಾಕೆ? ಕಷ್ಟ ಬಂದಾಗ ಏನು ಮಾಡಿದಿರಿ? ನಿಮ್ಮಿಂದ ಸಹಪಾಠಿಗಳಿಗೆ ಏನು ಸಿಗುತ್ತದೆ? ಡಿಗ್ರಿ ಮುಗಿದ ಮೇಲಿನ ಈ ಒಂದು ವರ್ಷ ಏನು ಮಾಡುತ್ತಿದ್ದೀರಿ?

ಇಲ್ಲಿನ ಕನ್ನಡದ ಮನೆಗಳು ಇದನ್ನು ಎರಡು ರೀತಿ ತಪ್ಪಾಗಿ ತಿಳಿಯುತ್ತವೆ ಅನ್ನುವುದು ನನ್ನ ಅನಿಸಿಕೆ. ಎಂಕ್ಯಾಟ್‌ನಲ್ಲಿ 528ಕ್ಕೆ 518 ಬಂದಿದೆಯಲ್ಲ, ಇನ್ನು ಇದೆಲ್ಲ ಶಾಸ್ತ್ರಕ್ಕೆ ಅಂತ ಕೆಲವರು. ಪ್ರಬಂಧ ಸ್ಪರ್ಧೆ ಅಂದುಕೊಂಡು ಒಂದೊಂದು ಪ್ಯಾರಾವನ್ನು ವಾರಗಟ್ಟಲೆ ತಿದ್ದುತ್ತ ಕೂರುವವರು ಇನ್ನು ಕೆಲವರು. ಇದೂ ಒಂದು ಫಾರಂ ಕಣ್ರೀ. ಕೇಳಿದ್ದಕ್ಕೆ, ಕೇಳಿದಷ್ಟೇ ಜಾಗದಲ್ಲಿ, ಪುರಾವೆ ಇಟ್ಟು, ಹೊತ್ತಿಗೆ ಸರಿಯಾಗಿ ಉತ್ತರ ಕೊಡಬೇಕು. ಕೆಇಎ ಪೋರ್ಟಲ್ ಮುಂದೆ ಕೂತಾಗ ಬರುವ ಶಿಸ್ತು ಇಲ್ಲಿ ಯಾಕೋ ಕೈಬಿಟ್ಟು ಹೋಗುತ್ತದೆ.

ಮೊದಲು ಹೊತ್ತಿನ ಲೆಕ್ಕ. ಆಮ್‌ಕ್ಯಾಸ್ ಮೇ ತಿಂಗಳಲ್ಲಿ ತೆರೆಯುತ್ತದೆ, ಅರ್ಜಿಗಳು ಕಾಲೇಜುಗಳಿಗೆ ಹೋಗಲು ಶುರುವಾಗುವುದು ಜೂನ್ ಕೊನೆಗೆ. ನಡುವೆ ವೆರಿಫಿಕೇಶನ್ ಇದೆ, ಅಂದರೆ ನೀವು ತುಂಬಿದ ಒಂದೊಂದು ಕೋರ್ಸನ್ನೂ ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಂಕಪಟ್ಟಿ) ಜೊತೆ ತಾಳೆ ನೋಡುತ್ತಾರೆ. ನೂಕುನುಗ್ಗಲಿನ ಕಾಲದಲ್ಲಿ ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆಮೇಲೆ ಜುಲೈಯಲ್ಲಿ ಸೆಕೆಂಡರಿಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಹದಿನೈದು-ಇಪ್ಪತ್ತು ಕಾಲೇಜಿಗೆ ಹಾಕಿದವರಿಗೆ ಐವತ್ತು ಮೀರಿ ಉತ್ತರ ಬರೆಯುವ ಕೆಲಸ. ಬಂದ ಎರಡು ವಾರದಲ್ಲಿ ತಿರುಗಿಸಿ ಕಳಿಸಬೇಕು ಅನ್ನುವುದು ಬರೆಯದ ನಿಯಮ. ಫಾರಂ ಮೇಲೆ ಕೊನೇ ದಿನ ನವೆಂಬರ್ ಅಂತಲೋ ಡಿಸೆಂಬರ್ ಅಂತಲೋ ಇರಬಹುದು, ಅದನ್ನು ನಂಬಿ ಕೂರಬಾರದು. ಬಂದ ಅರ್ಜಿಗಳನ್ನು ಬಂದಂತೆ ಓದಿ ಸಂದರ್ಶನದ ಜಾಗ ತುಂಬುತ್ತ ಹೋಗುವ ಪದ್ಧತಿ ಇದು. ಸೆಪ್ಟೆಂಬರಿನಲ್ಲಿ ಕಳಿಸಿದ ಚಂದದ ಉತ್ತರಕ್ಕಿಂತ ಜುಲೈಯಲ್ಲಿ ಕಳಿಸಿದ ನೆಟ್ಟಗಿನ ಉತ್ತರವೇ ವಾಸಿ.

ಹಾಗಾಗಿ ಬರೆಯಲು ಕೂರಬೇಕಾದದ್ದು ಜೂನ್‌ನಲ್ಲೇ. ಬಹುಪಾಲು ಕಾಲೇಜುಗಳು ವರ್ಷದಿಂದ ವರ್ಷಕ್ಕೆ ಪ್ರಶ್ನೆ ಹೆಚ್ಚು ಬದಲಿಸುವುದಿಲ್ಲ. ಹಳೇ ಪ್ರಶ್ನೆ ಹಿಡಿದು ನಾಲ್ಕೈದು ಮೂಲ ಉತ್ತರ ಸಿದ್ಧ ಮಾಡಿಟ್ಟುಕೊಂಡು, ಬಂದ ಪ್ರಶ್ನೆಗೆ ತಕ್ಕಂತೆ ಕತ್ತರಿಸಿದರೆ ಆಯಿತು. ಒಂದು ಎಕ್ಸೆಲ್ ಹಾಳೆ ಬೇಕೇ ಬೇಕು: ಕಾಲೇಜು, ಬಂದ ದಿನ, ಕಳಿಸಿದ ದಿನ, ಶುಲ್ಕ, ಮಿತಿ ಪದದಲ್ಲೋ ಅಕ್ಷರದಲ್ಲೋ, ಶಿಫಾರಸು ಪತ್ರ ಎಷ್ಟು, ನಡವಳಿಕೆ, ವಿವೇಚನೆ ಅಳೆಯುವ ಕ್ಯಾಸ್ಪರ್ ಅಥವಾ ಪ್ರಿವ್ಯೂ ಎಂಬ ಪರೀಕ್ಷೆ ಬೇಕಾ. ಅಕ್ಷರ ಮಿತಿಯಲ್ಲಿ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ವರ್ಡ್‌ನಲ್ಲಿ 1,990 ತೋರಿಸಿದ್ದು ಪೋರ್ಟಲ್‌ನಲ್ಲಿ 2,000 ದಾಟಿ ಕೊನೆಯ ವಾಕ್ಯ ತುಂಡಾಗುವುದುಂಟು. ಅಂಟಿಸಿದ ಮೇಲೆ ಪೋರ್ಟಲ್‌ನಲ್ಲಿ ಹೇಗೆ ಕಾಣುತ್ತದೆ ಅಂತ ತೆರೆದು ಕೊನೆಯ ಸಾಲು ಓದಿಯೇ ಸಬ್ಮಿಟ್ ಒತ್ತಬೇಕು. ಇನ್ನೊಂದು ಕಾಲೇಜಿನ ಹೆಸರು ಹಾಗೇ ಉಳಿದು ಹೋಗುವ ತಪ್ಪನ್ನು ಸ್ಪೆಲ್ ಚೆಕ್ ಹಿಡಿಯುವುದಿಲ್ಲ. ಹಳೇ ಕಾಲೇಜಿನ ಹೆಸರು, ಊರು, ಅಲ್ಲಿನ ಕ್ಲಿನಿಕ್ಕಿನ ಹೆಸರು, ಮೂರನ್ನೂ ಸರ್ಚ್ ಕೊಟ್ಟು ನೋಡುವುದೇ ಉಪಾಯ.

"ನಮ್ಮಲ್ಲೇ ಯಾಕೆ" ಎಂಬ ಉತ್ತರಕ್ಕೆ ಸುಲಭದ ಪರೀಕ್ಷೆಯಿದೆ. ಕಾಲೇಜಿನ ಹೆಸರು ಕಿತ್ತು ಬೇರೊಂದು ಹಾಕಿ. ಆಗಲೂ ಉತ್ತರ ನಿಂತರೆ ಅದು ಉತ್ತರವೇ ಅಲ್ಲ. ಶ್ರೇಷ್ಠ ಸಂಶೋಧನೆ, ವೈವಿಧ್ಯಮಯ ರೋಗಿಗಳು, ಬೇಗ ಸಿಗುವ ಕ್ಲಿನಿಕಲ್ ಅನುಭವ ಎಂದು ಎಲ್ಲ ವೆಬ್‌ಸೈಟೂ ಹೇಳಿಕೊಳ್ಳುತ್ತದೆ. ನೀವು ಎರಡು ವರ್ಷ ಮಾಡಿದ ಕೆಲಸ ಒಂದು ಕಡೆ, ಅದನ್ನು ಮುಂದುವರಿಸಲು ಅಲ್ಲಿರುವ ಒಂದು ನಿರ್ದಿಷ್ಟ ಅವಕಾಶ ಇನ್ನೊಂದು ಕಡೆ. ಇವೆರಡನ್ನೂ ಜೋಡಿಸಿದರೆ ಸಾಕು, ಹೊಗಳಿಕೆ ಬೇಡ.

ನಮ್ಮ ಮಕ್ಕಳು ಎಡವುವುದು ಮಾತ್ರ "ನಿಮ್ಮ ಹಿನ್ನೆಲೆಯಿಂದ ಏನು ತರುತ್ತೀರಿ" ಎಂಬಲ್ಲಿ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವುದನ್ನು ತಳ್ಳಿಹಾಕಿದ ಮೇಲೆ ಹಲವು ಕಾಲೇಜುಗಳು ಈ ಪ್ರಶ್ನೆಯನ್ನು ಅನುಭವದ ಕಡೆಗೆ ತಿರುಗಿಸಿವೆ. ಹುಟ್ಟಿನಿಂದ ಯಾರು ಅನ್ನುವುದಕ್ಕಿಂತ, ಆ ಬದುಕು ನಿಮಗೆ ಏನು ಕಲಿಸಿತು ಅನ್ನುವುದು ಬೇಕು. ಆದರೂ ಅಪ್ಪ-ಅಮ್ಮ ಎರಡು ಸೂಟ್‌ಕೇಸ್ ಹಿಡಿದು ಬಂದು ಕಷ್ಟಪಟ್ಟ ಕಥೆಯೇ ಬರುತ್ತದೆ. ಅದು ಅಪ್ಪ-ಅಮ್ಮನ ಅರ್ಜಿಯಾಯಿತು. ಭರತನಾಟ್ಯ, ದೀಪಾವಳಿ, ಅಜ್ಜಿಯ ಅಡುಗೆಮನೆ ಇವನ್ನೂ ಓದುವವರು ಬೇಕಾದಷ್ಟು ನೋಡಿರುತ್ತಾರೆ.

ಅದೇ ಅಜ್ಜಿಯ ಬಗ್ಗೆ ಹೀಗೆ ಬರೆಯಬಹುದು. ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜಿ ಏಕಾದಶಿಗೆ ನಿರಾಹಾರ ಇರುತ್ತಾರೆ, ಅದನ್ನು ಡಾಕ್ಟರಿಗೆ ಹೇಳಿರುವುದಿಲ್ಲ. ಮೊಮ್ಮಗಳು ಜೊತೆಗೆ ಹೋಗಿ, ಅಜ್ಜಿಯ ಒಪ್ಪಿಗೆ ಕೇಳಿ, ಉಪವಾಸದ ತಾರೀಖುಗಳನ್ನು ಡಾಕ್ಟರ ಮುಂದಿಡುತ್ತಾಳೆ. ಉಪವಾಸ ಬಿಡಿ ಅನ್ನುವ ಬದಲು ಡಾಕ್ಟರು ಆ ದಿನಗಳ ಡೋಸ್ ಬದಲಿಸಿ ಬರೆದುಕೊಡುತ್ತಾರೆ. ಮೂರೇ ವಾಕ್ಯ. ರೋಗಿ ಯಾಕೆ ಸುಮ್ಮನಿರುತ್ತಾಳೆ, ಅದನ್ನು ಹೇಗೆ ಕೇಳಬೇಕು ಎಂಬುದು ಈ ಹುಡುಗಿಗೆ ಗೊತ್ತು ಅಂತ ಓದಿದವರಿಗೆ ತಿಳಿಯುತ್ತದೆ. ಕನ್ನಡ ಸಂಘದ ಭಾನುವಾರದ ತರಗತಿಯಲ್ಲಿ ಮೂರು ವರ್ಷ ಪಾಠ ಹೇಳಿದ್ದೂ ಹೀಗೇ ಕೆಲಸಕ್ಕೆ ಬರುತ್ತದೆ, ಏನು ಕಲಿಸಿದೆ, ಯಾವ ಮಗು ಎಲ್ಲಿ ಸಿಕ್ಕಿಕೊಂಡಿತು ಅಂತ ಬರೆದರೆ.

ಇಲ್ಲೇ ಒಂದು ಎಚ್ಚರಿಕೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಮಾವನ ನರ್ಸಿಂಗ್ ಹೋಮಿನಲ್ಲಿ ಗಾಯಕ್ಕೆ ಹೊಲಿಗೆ ಹಾಕಿದೆ, ಹೆರಿಗೆಗೆ ಕೈಹಾಕಿದೆ ಅಂತ ಹೆಮ್ಮೆಯಿಂದ ಬರೆಯುವವರಿದ್ದಾರೆ. ತರಬೇತಿ ಇಲ್ಲದವರು ತಮಗೆ ಬಾರದ ಚಿಕಿತ್ಸೆಗೆ ಕೈಹಾಕಬಾರದೆಂದು ಎಎಎಂಸಿ (ಆಮ್‌ಕ್ಯಾಸ್ ನಡೆಸುವ ಮೆಡಿಕಲ್ ಕಾಲೇಜುಗಳ ಸಂಘ) ವಿದೇಶಿ ಅನುಭವದ ಬಗ್ಗೆ ಮಾರ್ಗಸೂಚಿಯನ್ನೇ ಕೊಟ್ಟಿದೆ. ಸಾಹಸ ಅಂತ ಬರೆದದ್ದನ್ನು ಪ್ರವೇಶ ಕಚೇರಿಯವರು ತಪ್ಪೊಪ್ಪಿಗೆ ಅಂತ ಓದುತ್ತಾರೆ.

"ಬೇಕಿದ್ದರೆ ಬರೆಯಿರಿ" ಎಂಬ ಐಚ್ಛಿಕ ಪ್ರಶ್ನೆಗಳ ವಿಷಯದಲ್ಲಿ ನಮ್ಮವರ ಸಂಕೋಚ ಅಡ್ಡ ಬರುತ್ತದೆ. ಹೇಳುವುದಿದ್ದರೆ ಬರೆಯಿರಿ. ಒಂದು ಸೆಮಿಸ್ಟರ್ ಅಂಕ ಬಿದ್ದಿದ್ದರೆ ಕಾರಣ, ಆಮೇಲೆ ಬದಲಿಸಿಕೊಂಡದ್ದು, ಏರಿದ ಅಂಕ, ಮೂರನ್ನೇ ಹೇಳಿ ನಿಲ್ಲಿಸಿ. ಮೂಲ ಅರ್ಜಿಯಲ್ಲಿ ಹೇಳಿದ್ದನ್ನೇ ಮತ್ತೆ ತುಂಬುವುದಾದರೆ ಖಾಲಿ ಬಿಡುವುದೇ ಮರ್ಯಾದೆ.

ಇನ್ನು ದುಡ್ಡಿನ ಮಾತು. ಇಲ್ಲಿ ನನ್ನ ಓಟು ಊರಿನ ಕಡೆಗೆ. ಸೆಕೆಂಡರಿ ಶುಲ್ಕ ಸಾಮಾನ್ಯವಾಗಿ ಕಾಲೇಜಿಗೆ 50ರಿಂದ 150 ಡಾಲರ್. ಆಮ್‌ಕ್ಯಾಸ್ ಶುಲ್ಕವೂ ಸೇರಿ ಇಪ್ಪತ್ತು ಕಾಲೇಜಿಗೆ ಸುಮಾರು ಮೂರು ಸಾವಿರ ಡಾಲರ್. ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್‌ನಂಥ ಕಾಲೇಜುಗಳು ಮೂಲ ಅರ್ಜಿ ಜರಡಿ ಹಿಡಿದು, ಆಯ್ದವರಿಗೆ ಮಾತ್ರ ಸೆಕೆಂಡರಿ ಕಳಿಸುತ್ತವೆ. ಅದು ನ್ಯಾಯ. ಬಹಳಷ್ಟು ಕಾಲೇಜುಗಳು ಅರ್ಜಿ ಹಾಕಿದ ಎಲ್ಲರಿಗೂ ಕಳಿಸಿ ಶುಲ್ಕ ವಸೂಲಿ ಮಾಡುತ್ತವೆ, ಮೊದಲ ನೋಟಕ್ಕೇ ಬೀಳುವವರಿಂದಲೂ. ಕೆಇಎ ಬಗ್ಗೆ ನೂರು ದೂರು ಇರಬಹುದು, ಆದರೆ ಅಣಕು ಹಂಚಿಕೆ ತೋರಿಸುತ್ತದೆ, ಯಾವ ಕಾಲೇಜು ಯಾವ ವರ್ಗಕ್ಕೆ ಯಾವ ರ‍್ಯಾಂಕಿಗೆ ನಿಂತಿತು ಅಂತ ಹೊರಗಿಡುತ್ತದೆ. ಇಲ್ಲಿ ಬೇಡ ಅಂದವರು ಯಾಕೆ ಬೇಡ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ.

ಆದ್ದರಿಂದ ದುಡ್ಡು ಉಳಿಸುವ ಜಾಗ ಕಾಲೇಜು ಆರಿಸುವಲ್ಲೇ ಇದೆ. ಎಎಎಂಸಿಯ ಎಂಎಸ್‌ಎಆರ್ (ಕಾಲೇಜುವಾರು ಪ್ರವೇಶದ ಅಂಕಿಅಂಶ ಇರುವ ಜಾಲತಾಣ) ತೆರೆದು, ಹೊರ ರಾಜ್ಯದವರು ಎಷ್ಟು ಜನ ಸೇರಿದ್ದಾರೆ ಅಂತ ಮೊದಲು ನೋಡಿ. ಸರ್ಕಾರಿ ಕಾಲೇಜುಗಳು ತಮ್ಮ ರಾಜ್ಯದವರಿಗೇ ಮಣೆ ಹಾಕುತ್ತವೆ. ಆದಾಯ ಕಡಿಮೆಯಿದ್ದರೆ ಎಎಎಂಸಿಯ ಶುಲ್ಕ ನೆರವಿಗೆ ಮೂಲ ಅರ್ಜಿ ಸಲ್ಲಿಸುವ ಮೊದಲೇ ಹಾಕಬೇಕು, ಕಟ್ಟಿದ ದುಡ್ಡು ಹಿಂದೆ ಬರುವುದಿಲ್ಲ. ಅಪ್ಪ-ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಬೆಳೆದು, 21 ತುಂಬಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದ ಮಕ್ಕಳು ಇಲ್ಲೇ ಹೈಸ್ಕೂಲ್ ಓದಿದ್ದರೂ ಬಹುತೇಕ ಕಾಲೇಜಿಗೆ ವಿದೇಶಿಯರೇ. ಹೆಚ್ಚಿನವು ಅವರನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳುವ ಕೆಲವು ಓದಿನ ಶುಲ್ಕವನ್ನು ಮುಂಗಡವಾಗಿ ಎಸ್ಕ್ರೋ ಖಾತೆಯಲ್ಲಿ (ಮೂರನೆಯವರ ಬಳಿ ತಡೆದಿಟ್ಟ ಖಾತೆ) ಇಡಿ ಅನ್ನುತ್ತವೆ. ಇದನ್ನು ಸೆಕೆಂಡರಿ ಶುಲ್ಕ ಕಟ್ಟುವ ಮೊದಲು ಪ್ರವೇಶ ಕಚೇರಿಗೆ ಇಮೇಲ್ ಮಾಡಿ, ವೀಸಾ ವರ್ಗ ಹೆಸರಿಸಿ, ಬರಹದಲ್ಲೇ ಉತ್ತರ ಪಡೆದುಕೊಳ್ಳಿ.