ಮೇಜಿಗೆ ಬಂದ ಹೊಲ

ಜನವರಿಯ ಒಂದು ಶನಿವಾರ ಸಂಜೆ, ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ತಂಗಿಯ ಮಗ ನನ್ನನ್ನು ಕೋರಮಂಗಲದ ಒಂದು ರೆಸ್ಟೋರೆಂಟಿಗೆ ಕರೆದುಕೊಂಡು ಹೋದ. ‘ಹೊಲದಿಂದ ಮೇಜಿಗೆ’ ಎಂಬುದು ಆ ಸಂಜೆಯ ಹೆಸರು. ಋತುಮಾನಕ್ಕೆ ತಕ್ಕ ಏಳು ಬಗೆಯ ತಿನಿಸಿಗೆ ತಲೆಗೆ 4,500 ರೂಪಾಯಿ; ತೆರಿಗೆಯೂ ಕ್ರಾಫ್ಟ್ ಕಾಕ್‌ಟೇಲುಗಳೂ ಬೇರೆ ಲೆಕ್ಕ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಹೊಲಕ್ಕೂ ಊಟದ ಮಣೆಗೂ ನಡುವೆ ಇದ್ದದ್ದು ಒಂದು ದನದ ಕೊಟ್ಟಿಗೆ ಮಾತ್ರ. ಆ ಹಾದಿಗೆ ಯಾರೂ ಹೆಸರಿಟ್ಟಿರಲಿಲ್ಲವಾದ್ದರಿಂದ ಟಿಕೆಟ್ಟನ್ನೂ ಇಟ್ಟಿರಲಿಲ್ಲ.

ಕುಳಿತ ಕೂಡಲೇ ಕೈಗೆ ಬಂದದ್ದು ಕೈಕಾಗದದ ಮೆನು. ತಿಂದಾದ ಮೇಲೆ ಅದನ್ನು ಕುಂಡದಲ್ಲಿ ಹೂತರೆ ತುಳಸಿ ಮೊಳೆಯುತ್ತದೆಯಂತೆ. ಒಂದೊಂದು ತಿನಿಸಿನ ಪಕ್ಕದಲ್ಲಿಯೂ ಅದನ್ನು ಬೆಳೆದ ರೈತನ ಹೆಸರು, ಊರು, ಹೊಲದ ಮಣ್ಣಿನ ಬಣ್ಣ, ಅಲ್ಲಿಂದ ನಮ್ಮ ಮೇಜಿಗಿರುವ ದೂರ, ಜೊತೆಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿರುವ ಅವನ ಭಾವಚಿತ್ರ, ಇಷ್ಟೂ ಇದ್ದವು. ಅವನಿಗೆ ಸಿಕ್ಕ ಬೆಲೆಯೊಂದು ಇರಲಿಲ್ಲ. ಬಡಿಸುವ ಹುಡುಗನನ್ನು ಕೇಳಿದೆ. “ವಿಚಾರಿಸಿಕೊಂಡು ಬರುತ್ತೇನೆ ಸರ್” ಎಂದು ಒಳಗೆ ಹೋದವನು ಜೋಳದ ಬಿಸ್ಕತ್ತಿನ ಇನ್ನೊಂದು ಬುಟ್ಟಿಯನ್ನು ತಂದಿಟ್ಟು, ಇದಕ್ಕೆ ಹಣವಿಲ್ಲ ಎಂದು ಹೇಳಿ ಹೋದ.

ಈ ಪದ್ಧತಿಯ ಮೂಲ ಅಮೆರಿಕದಲ್ಲಿದೆ ಎಂದು ಅಳಿಯ ತಿಳಿಸಿದ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಎಂಬ ಮಹಿಳೆ 1971ರಲ್ಲಿ ‘ಶೇ ಪನೀಸ್’ ಎಂಬ ಹೋಟೆಲು ತೆರೆದು, ಸುತ್ತಲಿನ ರೈತರಿಂದಲೇ ತರಕಾರಿ ಕೊಂಡು ಅಡುಗೆ ಮಾಡತೊಡಗಿದ್ದು ನಿಜ. ಆಕೆಯ ಕೆಲಸದ ಬಗ್ಗೆ ನನಗೆ ಗೌರವವೂ ಇದೆ. ಆದರೆ ಅದಕ್ಕೆ ಹನ್ನೆರಡು ವರ್ಷ ಮೊದಲೇ, 1959ರಲ್ಲಿ, ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಗಿ, ಬೀದಿ ಬೀದಿಯಲ್ಲಿ ಹಸಿರು ಮಳಿಗೆ ಇಟ್ಟು ರೈತನ ಸೊಪ್ಪನ್ನು ನಮ್ಮ ಚೀಲಕ್ಕೆ ಹಾಕುತ್ತಾ ಬಂದಿದೆ. ಪಾಪ, ಅಲ್ಲಿ ತಕ್ಕಡಿ ಹಿಡಿದವರಿಗೆ ಕತೆ ಹೇಳುವ ತರಬೇತಿ ಇಲ್ಲ. “ಚಿಲ್ಲರೆ ಕೊಡಿ” ಎಂಬಲ್ಲಿಗೆ ಅವರ ನಿರೂಪಣೆ ಮುಗಿದುಹೋಗುತ್ತದೆ.

ಮೊದಲ ತಿನಿಸು ಮುದ್ದೆ. ಅಡುಗೆಮನೆಯ ಕಟ್ಟೆಗೆ ಹಾಸುವ ಕಡಪಾ ಕಲ್ಲಿನ ಒಂದು ತುಂಡಿನ ನಡುವೆ ನೆಲ್ಲಿಕಾಯಿ ಗಾತ್ರದ ರಾಗಿಮುದ್ದೆಯೊಂದು, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಕುಳಿತಿತ್ತು. ಅದರ ಸುತ್ತ ಬಸ್ಸಾರಿನ ಐದು ಹನಿಗಳನ್ನು ಅಳತೆಮಾಡಿ ಬಿಡಲಾಗಿತ್ತು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಆ ಹುಡುಗ, ಇದನ್ನು ಅಗಿಯಬಾರದು, ನುಂಗಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿಕೊಟ್ಟ. ನುಂಗಿದೆ. ನುಂಗಿದೆನೋ ಇಲ್ಲವೋ ಎಂಬುದು ಗಂಟಲಿಗೆ ಗೊತ್ತಾಗಲಿಲ್ಲ.

ಲೆಕ್ಕ ಹಾಕುವ ದುರಭ್ಯಾಸ ನನಗಿದೆ. ಕೇಂದ್ರ ಸರ್ಕಾರ 2025–26ನೇ ಸಾಲಿಗೆ ರಾಗಿಗೆ ಗೊತ್ತುಮಾಡಿರುವ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಮುದ್ದೆಗೆ ಇಪ್ಪತ್ತು ಗ್ರಾಂ ರಾಗಿ ಹಿಡಿದಿರಬಹುದೆಂದು ಧಾರಾಳವಾಗಿಯೇ ಇಟ್ಟುಕೊಂಡರೂ ರೈತನ ಪಾಲು ಒಂದು ರೂಪಾಯಿಗೆ ಎರಡು ಪೈಸೆ ಕಡಿಮೆ. ತಲೆಗೆ 4,500, ಅದರ ಮೇಲೆ ಶೇಕಡಾ ಐದು ಜಿಎಸ್‌ಟಿ ಸೇರಿದರೆ 4,725. ಅಂದರೆ ಮೆನುವಿನಲ್ಲಿ ನಗುತ್ತಿರುವ ರೈತ ಒಂದು ಕ್ವಿಂಟಲ್ ರಾಗಿಯನ್ನು ಖರೀದಿ ಕೇಂದ್ರದಲ್ಲಿ ಸರದಿ ನಿಂತು ಮಾರಿ, ಆ ಹಣ ಹಿಡಿದುಕೊಂಡು ಇಲ್ಲಿಗೆ ಬಂದರೆ, ತಾನೇ ಬೆಳೆದ ರಾಗಿಯ ಐದು ಸಾವಿರ ಮುದ್ದೆಗಳ ಪೈಕಿ ಒಂದನ್ನು ಉಂಡು, ಇತರ ಆರು ತಿನಿಸುಗಳನ್ನೂ ಮುಗಿಸಿ, ಊರಿನ ಬಸ್ಸಿಗೆ 161 ರೂಪಾಯಿ ಉಳಿಸಿಕೊಳ್ಳಬಹುದು. ಹೆಂಡತಿಯನ್ನು ಕರೆತರುವುದಾದರೆ ಮಾತ್ರ ಎರಡನೇ ಕ್ವಿಂಟಲನ್ನು ಹೊಂದಿಸಬೇಕಾಗುತ್ತದೆ.

ಮುಂದಿನದು ಅವರೆಕಾಯಿ. ಮಾಗಿಯ ಮಂಜು ಬಿದ್ದ ಅವರೆಗೆ ಸೊಗಡು ಎಂಬುದೊಂದಿರುತ್ತದೆ. ಕಾಯಿ ಸುಲಿದವರ ಬೆರಳಿಗೆ ಜಿಡ್ಡಾಗಿ ಅಂಟಿಕೊಂಡು, ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಬಿಡದ ಘಮ ಅದು. ಇಲ್ಲಿ ಬಂದದ್ದು ಹನ್ನೊಂದು ಹಿತಕಿದ ಬೇಳೆ, ಎಣಿಸಿದ್ದೇನೆ. ಕೈಯಿಂದಲೇ ಹಿಸುಕಿದ್ದು ಎಂಬ ವಿಶೇಷವನ್ನು ಹುಡುಗ ಒತ್ತಿ ಹೇಳಿದ. ಕಾಲಿನಿಂದ ಹಿಸುಕುವವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕೆನಿಸಿತು. ನೆನೆಸಿದ ಅವರೆಯ ಬುಟ್ಟಿಯನ್ನು ನಡುವೆ ಇಟ್ಟುಕೊಂಡು, ಊರಿನ ಸುದ್ದಿಯನ್ನೆಲ್ಲ ಅದರ ಜೊತೆಗೇ ಹಿಸುಕುತ್ತಾ ಕೂರುತ್ತಿದ್ದ ನನ್ನ ಅಜ್ಜಿ ಮತ್ತು ಅತ್ತೆಯರಿಗೆ ತಾವು ಕುಶಲಕರ್ಮಿಗಳೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಬೇಳೆಯ ಕೆಳಗೆ ಕಪ್ಪಗೆ ಉದುರುದುರಾಗಿ ಹರಡಿದ್ದು ಮಣ್ಣಂತೆ. ಹುರಿದ ರಾಗಿಯಿಂದ ಮಾಡಿದ ತಿನ್ನುವ ಮಣ್ಣು. ಅಮ್ಮ ಕೀರೆಸೊಪ್ಪನ್ನು ಐದು ನೀರಿನಲ್ಲಿ ತೊಳೆದಾದ ಮೇಲೂ ಹಲ್ಲಿಗೆ ಒಂದು ಹರಳು ಸಿಕ್ಕಿದರೆ ಅಪ್ಪ ತಟ್ಟೆ ತಳ್ಳಿ ಏಳುತ್ತಿದ್ದರು. ಮಣ್ಣನ್ನು ಬೇಕೆಂದೇ ಹಾಕಿ ಹಣ ಪಡೆಯಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಾಕ್‌ಟೇಲಿನ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು. 950 ರೂಪಾಯಿಯ ಒಂದು ಮಡಕೆ ಲೋಟದಲ್ಲಿ ಜಿನ್, ಪುನರ್ಪುಳಿಯ ರಸ, ಸುಟ್ಟ ಬೆಲ್ಲ, ಮೇಲೆ ಬೆರಳೆತ್ತರದ ಬಿಳಿ ನೊರೆ. ಹುಡುಗ ಆ ನೊರೆಯ ಮೇಲೆ ಒಂದು ದಾಲ್ಚಿನ್ನಿ ಚಕ್ಕೆಯನ್ನಿಟ್ಟು ಬೆಂಕಿ ಹಚ್ಚಿದ. ಹೊಗೆ ಎದ್ದಿತು, ಅಕ್ಕಪಕ್ಕದ ಮೇಜಿನವರೆಲ್ಲ ಮೊಬೈಲ್ ಎತ್ತಿದರು. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ಬೆಳ್ಳಂದೂರು ಕೆರೆ ನೊರೆಯನ್ನೂ ಬೆಂಕಿಯನ್ನೂ ಹೊಗೆಯನ್ನೂ ಒಂದೇ ಪಾತ್ರೆಯಲ್ಲಿ ಬಹಳ ಹಿಂದೆಯೇ ಕೂಡಿಸಿ ತೋರಿಸಿದೆ. 2018ರ ಜನವರಿಯಲ್ಲಂತೂ ಅದನ್ನು ಆರಿಸಲು ಸೇನೆಯವರೇ ಬರಬೇಕಾಯಿತು. ಅದಕ್ಕೆ ಪ್ರವೇಶ ಶುಲ್ಕವಿರಲಿಲ್ಲ. ನೊರೆ ತಾನಾಗಿಯೇ ರಸ್ತೆಗೆ ಹಾರಿ ಬಂದು, ಸ್ಕೂಟರಿನಲ್ಲಿ ಹೋಗುವವರಿಗೆ ಮುಖಕ್ಕೇ ಬಡಿಸುತ್ತಿತ್ತು.

ಆ ಪೇಯಕ್ಕೆ ಅವರಿಟ್ಟಿದ್ದ ಹೆಸರು ‘ಹಳ್ಳಿಯ ಸಂಜೆ’. ಹಳ್ಳಿಯ ಸಂಜೆಯಿಂದ ಸಾರಾಯಿಯನ್ನು ಸರ್ಕಾರ 2007ರ ಜುಲೈ 1ರಂದು ನಿಷೇಧಿಸಿತು. ಕುಡಿದು ಬಂದ ಗಂಡಂದಿರಿಂದ ಬೇಸತ್ತ ಹೆಂಗಸರು ಅದಕ್ಕಾಗಿ ಬೀದಿಗಿಳಿದಿದ್ದರು. ಆ ನಿಷೇಧದ ಬಗ್ಗೆ ನನ್ನ ತಕರಾರಿಲ್ಲ. ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿದ್ದಾಗ ಪಿಡುಗಾಗಿದ್ದ ಅದೇ ಸಂಜೆ, ಮಡಕೆಗೆ ಸುರಿದ ಕೂಡಲೇ ಪರಂಪರೆಯಾದದ್ದು ಹೇಗೆ ಎಂಬುದಷ್ಟೇ ಎರಡನೆಯ ಲೋಟದವರೆಗೂ ನನಗೆ ಬಗೆಹರಿಯಲಿಲ್ಲ.

ಐದನೆಯದಾಗಿ ಬಂದದ್ದು ಕೋಲಾರದ ಟೊಮೆಟೊ. ಒಂದು ಹಣ್ಣಿನ ಅರ್ಧಭಾಗ. ಒಂಬತ್ತು ಗಂಟೆ ಸಣ್ಣ ಉರಿಯಲ್ಲಿಟ್ಟದ್ದು. ಮೆನುವಿನ ಪ್ರಕಾರ 68 ಕಿಲೋಮೀಟರು ಪಯಣಿಸಿದ್ದು. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿ ಕ್ರೇಟು 2023ರ ಜುಲೈಯಲ್ಲಿ ಎರಡು ಸಾವಿರ ರೂಪಾಯಿ ದಾಟಿದಾಗ ದೇಶವೇ ಬಾಯಿ ಬಾಯಿ ಬಡಿದುಕೊಂಡಿತು. ಬೆಲೆ ಬಿದ್ದು ಅದೇ ಹಣ್ಣನ್ನು ರಸ್ತೆಗೆ ಸುರಿಯುವ ದಿನಗಳಲ್ಲಿ ಅದರ ಪಯಣದ ದೂರವನ್ನು ಯಾರೂ ಅಳೆಯುವುದಿಲ್ಲ.

“ಮಾವ, ಇದರ ರುಚಿಯಲ್ಲೇ ಏನೋ ಒಂದು ನಮ್ಮತನ ಇದೆ ಅಲ್ಲವೇ?” ಎಂದು ಅಳಿಯ ಕಣ್ಣು ಮುಚ್ಚಿಕೊಂಡು ಕೇಳಿದ.

ಇದೆ. ನಾನು ಇಲ್ಲವೆನ್ನಲಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಅಂತರ್ಜಲ ಹೆಚ್ಚಿಸುವುದಕ್ಕೆಂದು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ನಡೆಯುತ್ತಿದೆ. ದಿನಕ್ಕೆ 44 ಕೋಟಿ ಲೀಟರು ಅದರ ಗುರಿ. ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂದು ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ನಾವು ಬಳಸಿ ಬಿಟ್ಟ ನೀರು ಅಲ್ಲಿಯ ಕೆರೆಗೆ, ಕೆರೆಯಿಂದ ನೆಲದೊಳಕ್ಕೆ, ನೆಲದಿಂದ ಕೊಳವೆಬಾವಿಗೆ, ಬಾವಿಯಿಂದ ಗಿಡಕ್ಕೆ. ಆ ನಮ್ಮತನವೇ ಈಗ ಒಂಬತ್ತು ಗಂಟೆ ಬೆಂದು ತಟ್ಟೆಗೆ ಬಂದು ಕುಳಿತಿದೆ. ಮೇಜಿನಿಂದ ಹೊಲಕ್ಕಿರುವ ಈ ಅರ್ಧ ಹಾದಿಯ ಕತೆಯನ್ನು ಮಾತ್ರ ಮೆನುವಿನಲ್ಲಿ ಅಚ್ಚುಹಾಕಿಸಿರಲಿಲ್ಲ. ಅಳಿಯನಿಗೂ ನಾನು ಹೇಳಲಿಲ್ಲ. ಹಣ ಕೊಡುವವನು ಅವನು.

ಬಿಲ್ಲು ಒಂದು ಪುಟ್ಟ ಮೊರದಲ್ಲಿ ಬಂದಿತು. ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದ್ದನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ಇಲ್ಲಿ ಸೇವಾ ಶುಲ್ಕ ಇರಲಿಲ್ಲ. ‘ಮಣ್ಣಿನ ಋಣ’ ಎಂದು ಶೇಕಡಾ ಹತ್ತು ಇತ್ತು. ಮಣ್ಣು ತಿಂದದ್ದು ನಿಜವಾದ್ದರಿಂದ ಅಳಿಯ ಮರುಮಾತಾಡದೆ ಕೊಟ್ಟ.

ಹೊರಡುವ ಮುನ್ನ ಶೌಚಾಲಯಕ್ಕೆ ಹೋದೆ. ಅಲ್ಲಿಯೂ ಬಾಗಿಲ ಮೇಲೆ ಒಣಹುಲ್ಲಿನ ತೋರಣ, ಗೋಡೆಯ ಮೇಲೆ ಚೌಕಟ್ಟು ಹಾಕಿದ ನೇಗಿಲಿನ ಚಿತ್ರ. ಕೆಲಸ ಮುಗಿಸಿ ಗುಂಡಿ ಒತ್ತಿದೆ. ನೀರು ಭೋರೆಂದು ಸುತ್ತಿ ಇಳಿದು, ಕೋಲಾರದ ದಿಕ್ಕಿಗೆ ಹೊರಟಿತು.